ಹಾರ್ನ್ ಹೊಡೆದರೆ ಸಾಕೇ?

ಒಂದು ಮೂಟೆ ಬೆಳ್ಳುಳ್ಳಿ ಸುಲಿದರೆ ಮೂರು ದಿನ ಉಗುರು ಉರಿಯುತ್ತದೆ. ನಾಲ್ಕನೇ ದಿನ ಇನ್ನೊಂದು ಮೂಟೆ ಬಂದಿರುತ್ತದೆ. ಹೋಟೆಲಿನವನಿಗೆ ಬೇಕಾದದ್ದು ಬಿಳಿ ಎಸಳು, ಮುದುಕಿಯ ಬೆರಳಲ್ಲ. ಆ ಒಂದೇ ಕೋಣೆಯ ಮನೆಯಲ್ಲಿ ಹಾಸಿಗೆಗೆ, ಸೀರೆಗೆ, ಕುಡಿಯುವ ನೀರಿಗೂ ಬೆಳ್ಳುಳ್ಳಿ ವಾಸನೆ. ಈಗ ಒಂದು ತಿಂಗಳಿಂದ ಆ ಪುಸ್ತಕಕ್ಕೂ.

ಪುಸ್ತಕ ಅಂದರೆ ಲೈಸೆನ್ಸ್ ಪರೀಕ್ಷೆಯ ಪುಸ್ತಕ. ಓದುವವಳು ಅತ್ತೆ, ಉತ್ತರ ಹೇಳುವವಳು ಸೊಸೆ. ಸೊಸೆ ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಈಗ ರಸ್ತೆ ಗುಡಿಸುವವಳು. ಅತ್ತೆ ಶಾಲೆಯಲ್ಲಿ ಆಯಾ ಆಗಿದ್ದವಳು. ಬಾಗಿಲ ಹಿಂದೆ ಪೊರಕೆ ಹಿಡಿದು ನಿಂತು ಅಕ್ಷರ ಕದ್ದವಳು. ಅಷ್ಟು ಕಷ್ಟಪಟ್ಟು ಕದ್ದದ್ದಕ್ಕೋ ಏನೋ, ಅಚ್ಚಾದ ಅಕ್ಷರ ಅಂದರೆ ಅವಳಿಗೆ ದೇವರ ಮಾತು.

"ಬಾಯಿ ಸುಳ್ಳು ಹೇಳುತ್ತೆ ಕಣೇ, ಅಚ್ಚು ಸುಳ್ಳು ಹೇಳಲ್ಲ" ಅನ್ನುತ್ತಿದ್ದಳು.

ಕಸ ಎತ್ತುವ ಪುಟ್ಟ ಗಾಡಿಗಳು ಬರುತ್ತಿವೆ, ಹೆಂಗಸರೇ ಓಡಿಸಬೇಕಂತೆ ಅಂತ ಮೇಸ್ತ್ರಿ ಹಾಜರಿ ಹೊತ್ತಿನಲ್ಲಿ ಹೇಳಿದ್ದ. ಮಾತಿಗಿಂತ ಮೊದಲು ಸೀಟಿ ಊದುವವನಾದ್ದರಿಂದ ಅವನಿಗೆ ಸೀಟಿ ಅಂತಲೇ ಹೆಸರು. ಪ್ರಶ್ನೆಯ ಪರೀಕ್ಷೆ ಪಾಸಾದವರಿಗೆ ಗಾಡಿ ಕಲಿಸುವುದು ಕಸದ ಗುತ್ತಿಗೆ ಹಿಡಿದ ಕಂಪನಿಯ ಜವಾಬ್ದಾರಿ. ಸೊಸೆಗೆ ಸೊಂಟ ಬಿದ್ದುಹೋಗಿತ್ತು. ಇನ್ನೆರಡು ವರ್ಷ ಬಗ್ಗಿ ಗುಡಿಸಿದರೆ ಎದ್ದು ನಿಲ್ಲಲಾರೆ ಅಂತ ಅವಳಿಗೇ ಗೊತ್ತಿತ್ತು. ಕೂತು ಮಾಡುವ ಕೆಲಸ ಸಿಕ್ಕರೆ ಜೀವ ಉಳಿದೀತು.

ಹಾಗಾಗಿ ಮಧ್ಯಾಹ್ನದ ಹೊತ್ತು ಮನೆಯೇ ಶಾಲೆ. ಅತ್ತೆ ನೆಲದ ಮೇಲೆ ಬೆಳ್ಳುಳ್ಳಿ ಎಸಳುಗಳನ್ನು ಗಾಡಿಗಳಂತೆ ಜೋಡಿಸುತ್ತಿದ್ದಳು. ನಡುವೆ ಇಡೀ ಗಡ್ಡೆ ಇಟ್ಟರೆ ಅದು ಸರ್ಕಲ್ಲು.

"ಈ ಎಸಳು ಬರ್ತಾ ಇದೆ. ನೀನು ಇಲ್ಲಿದ್ದೀಯ. ಮೊದಲು ಯಾರು ಹೋಗ್ಬೇಕು?"

"ನಾನು."

"ನೀನ್ಯಾಕೆ? ಮಹಾರಾಣಿನಾ? ಬಲಗಡೆಯಿಂದ ಬರೋರಿಗೆ ದಾರಿ ಬಿಡು!"

"ಎಸಳು ಸರಿಯಾಗಿ ಇಟ್ಟಿಲ್ಲ ಅತ್ತೆ ನೀವು."

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ!"

ಇಬ್ಬರೂ ನಗುತ್ತಿದ್ದರು. ಗೋಡೆಯ ಫೋಟೋ ಕಡೆ ಕಣ್ಣು ಹೋದಾಗ ಮಾತ್ರ ನಗು ನಿಲ್ಲುತ್ತಿತ್ತು.

ಫೋಟೋದಲ್ಲಿದ್ದವನು ಮಗ, ಅಂದರೆ ಸೊಸೆಯ ಗಂಡ. ಅವನೂ ಇದೇ ಕಂಪನಿಯಲ್ಲಿ ಗುಡಿಸುತ್ತಿದ್ದ. ಎರಡು ವರ್ಷದ ಹಿಂದೆ ಮೋರಿಯ ಬಾಯಿಗೆ ಸಿಕ್ಕಿದ್ದ ಕಸ ಎಳೆಯುತ್ತಾ ಬಗ್ಗಿದ್ದಾಗ ಕಂಪನಿಯದೇ ಲಾರಿ ರಿವರ್ಸ್ ಬಂತು. ಮುಂಚೆ ಪ್ರತಿ ಲಾರಿಗೂ ಒಬ್ಬ ಕ್ಲೀನರ್ ಇರುತ್ತಿದ್ದ. ಹಿಂದೆ ನಿಂತು ಲಾರಿಯ ಮೈ ತಟ್ಟುತ್ತಾ "ಬರ್ಲಿ, ಬರ್ಲಿ, ಸಾಕು" ಅನ್ನುತ್ತಿದ್ದ. ಅದು ದಂಡದ ಖರ್ಚು ಅಂತ ಕಂಪನಿ ನಡೆಸುವ ಗುತ್ತಿಗೆದಾರ ಕ್ಲೀನರ್‌ಗಳನ್ನೆಲ್ಲ ಬಿಡಿಸಿದ್ದ. ಆವತ್ತು "ಸಾಕು" ಅನ್ನುವವರು ಯಾರೂ ಇರಲಿಲ್ಲ.

ಮೂರನೇ ದಿನ ಗುತ್ತಿಗೆದಾರ ತಾನೇ ಮನೆಗೆ ಬಂದ. ಕೈಯಲ್ಲೊಂದು ಕಾಗದ. ಅತ್ತೆ ಸುಮ್ಮನೆ ಹೆಬ್ಬೆಟ್ಟು ಒತ್ತುವವಳಲ್ಲ. ಅಷ್ಟು ಅಳುವಿನಲ್ಲೂ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. "ಚಾಲಕನು ಹಾರ್ನ್ ಮಾಡಿದರೂ ಪಕ್ಕಕ್ಕೆ ಸರಿಯದೆ, ತನ್ನದೇ ನಿರ್ಲಕ್ಷ್ಯದಿಂದ ಮೃತಪಟ್ಟಿರುತ್ತಾನೆ. ನಮ್ಮದೇನೂ ತಕರಾರು ಇರುವುದಿಲ್ಲ." ಅಚ್ಚಾಗಿತ್ತು. ಸಹಿ ಹಾಕಿದಳು. ಪರಿಹಾರ ಬರಲಿಲ್ಲ, ಸೊಸೆಗೆ ಗಂಡನ ಪೊರಕೆ ಬಂತು. ಪುಣ್ಯಾತ್ಮ, ಕೈ ಬಿಡಲಿಲ್ಲ ಅಂತ ಬೀದಿಯವರೆಲ್ಲ ಗುತ್ತಿಗೆದಾರನನ್ನು ಹೊಗಳಿದರು.

ಆವತ್ತಿನಿಂದ ಅತ್ತೆ ದಿನಾ ಫೋಟೋಗೆ ಬೈಯುತ್ತಿದ್ದಳು. "ಹಾರ್ನ್ ಕೇಳಿಸಲಿಲ್ವೇನೋ? ಒಂದು ಹೆಜ್ಜೆ ಸರಿಯೋಕೆ ಏನು ಧಾಡಿಯಾಗಿತ್ತೋ ನಿಂಗೆ?" ಬೈದು ಬೈದು ಅಳುತ್ತಿದ್ದಳು. ಸೊಸೆ ತಡೆಯುತ್ತಿರಲಿಲ್ಲ. ಅವಳಿಗೂ ಒಳಗೊಳಗೇ ಗಂಡನ ಮೇಲೆ ಅದೇ ಸಿಟ್ಟು.

ಪರೀಕ್ಷೆಗೆ ಮೂರು ದಿನ ಇತ್ತು.

"ಎಂಬತ್ತೆಂಟು," ಅತ್ತೆ ಬೆರಳಿಟ್ಟು ಓದಿದಳು. "ವಾಹನವನ್ನು ಹಿಂದಕ್ಕೆ ತೆಗೆಯುವಾಗ ಚಾಲಕನು ಏನು ಮಾಡಬೇಕು? ಒಂದು, ಹಿಂದೆ ಇರುವವರೇ ಸರಿಯುತ್ತಾರೆಂದು ತಿಳಿಯಬೇಕು. ಎರಡು, ಹಿಂದೆ ಯಾರೂ ಇಲ್ಲವೆಂದು ಖಚಿತವಾಗದಿದ್ದರೆ ಇಳಿದು ನೋಡಬೇಕು. ಮೂರು, ಹಾರ್ನ್ ಹೊಡೆದರೆ ಸಾಕು."

"ಮೂರು," ಅಂದಳು ಸೊಸೆ ತಟ್ಟನೆ.

"ಮತ್ತಿನ್ನೇನು, ಮೂರೇ. ಇದೂ ಒಂದು ಪ್ರಶ್ನೇನಾ?" ಅತ್ತೆ ಕೊನೆಯ ಪುಟ ತಿರುವಿದಳು. ಉತ್ತರಗಳೆಲ್ಲ ಅಲ್ಲಿದ್ದವು. ಬೆರಳು ಎಂಬತ್ತೆಂಟರ ಮೇಲೆ ನಿಂತಿತು. ಅಲ್ಲಿಂದ ಕದಲಲಿಲ್ಲ.

"ಯಾಕತ್ತೆ?"

"ಎರಡು ಅಂತಿದೆ."

"ಸಾಲು ತಪ್ಪಿರಬೇಕು, ನೋಡಿ."

ಅತ್ತೆ ಎಂಬತ್ತರಿಂದ ಎಣಿಸಿಕೊಂಡು ಬಂದಳು. "ಎರಡೇ ಕಣೇ."

"ಹಾಗಾದ್ರೆ ಪುಸ್ತಕಾನೇ ತಪ್ಪು."

"ಅಚ್ಚಾಗಿದೆಯಲ್ಲೇ..." ಅಂದಳು ಅತ್ತೆ. ಕಣ್ಣು ಗೋಡೆಯತ್ತ ಹೋಯಿತು. "ಆ ಕಾಗದಾನೂ ಅಚ್ಚಾಗಿತ್ತಲ್ಲೇ."

ಮಡಿಲಲ್ಲಿದ್ದ ಬೆಳ್ಳುಳ್ಳಿ ನೆಲಕ್ಕೆ ಚೆಲ್ಲಿತು. ಅತ್ತೆ ಗೋಡೆ ಹಿಡಿದು ಎದ್ದು ಫೋಟೋ ಇಳಿಸಿದಳು. ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು.

"ಎರಡು ವರ್ಷ ಬೈದೆನಲ್ಲೋ ಮಗನೇ. ಸತ್ತೋನಿಗೆ ದಿನಾ ಬೈದೆನಲ್ಲೋ. ಓದಿ ಸಹಿ ಹಾಕ್ದೆ ಕಣೇ ನಾನು! ಹೆಬ್ಬೆಟ್ಟಿನೋಳಾಗಿದ್ರೆ ಗೊತ್ತಿರಲಿಲ್ಲ ಅಂತಾದ್ರೂ ಅನ್ನಬಹುದಿತ್ತು."

ಸೊಸೆ ಅವಳನ್ನು ತಬ್ಬಿಕೊಂಡಳು. ಇಬ್ಬರೂ ಆ ಎಸಳುಗಳ ಮಧ್ಯೆ ಕೂತು ಅತ್ತರು. ಅವನು ಸತ್ತ ದಿನವೂ ಹಾಗೆ ಅತ್ತಿರಲಿಲ್ಲ.

ಪರೀಕ್ಷೆಯ ದಿನ ಸೊಸೆ ಕಂಪ್ಯೂಟರಿನ ಮುಂದೆ ಕೂತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ಓದಲು ಬಾರದವರಿಗೆ ಅದು ಪ್ರಶ್ನೆಯನ್ನು ಓದಿ ಹೇಳುತ್ತಿತ್ತು. ಹನ್ನೊಂದನೆಯದು ಅದೇ ಬಂತು. ಎರಡನ್ನು ಒತ್ತಿದಳು. "ಸರಿ ಉತ್ತರ" ಅಂತು ಒಳಗಿನ ಹೆಣ್ಣು ದನಿ, ಏನೂ ಆಗೇ ಇಲ್ಲ ಅನ್ನುವ ಹಾಗೆ. ಸೊಸೆ ಪಾಸಾದಳು.

ಮರುದಿನ ಬೆಳಿಗ್ಗೆ ಹಾಜರಿಗೆ ಅತ್ತೆಯೂ ಬಂದಳು, ಕಂಕುಳಲ್ಲಿ ಪುಸ್ತಕ. ಲಾರಿ ನಿಲ್ಲಿಸುವ ಅಂಗಳದ ಗೇಟಿನ ಬಳಿ ಗುಡಿಸುವವರೆಲ್ಲ ಕುಕ್ಕರುಗಾಲಲ್ಲಿ ಕೂತಿದ್ದರು. ಗುತ್ತಿಗೆದಾರ ಖುಷಿಯಲ್ಲಿದ್ದ.

"ಭೇಷ್! ನಮ್ಮ ಕಂಪನಿಯ ಮೊದಲನೇ ಲೇಡಿ ಡ್ರೈವರ್!"

"ಸಾರ್, ಪರೀಕ್ಷೇಲಿ ಒಂದು ಪ್ರಶ್ನೆ ಬಂದಿತ್ತು," ಅಂದಳು ಸೊಸೆ. "ರಿವರ್ಸ್ ತೆಗೆಯುವಾಗ ಹಿಂದೆ ಯಾರಾದ್ರೂ ಇದ್ದಾರೋ ಇಲ್ವೋ ಗೊತ್ತಾಗದಿದ್ರೆ, ಹಾರ್ನ್ ಹೊಡೆದ್ರೆ ಸಾಕಾ?"

"ಸಾಕಾಗಲ್ಲಮ್ಮ. ಇಳಿದು ನೋಡ್ಬೇಕು." ಅವನು ನಕ್ಕ. "ನನಗೇ ಪರೀಕ್ಷೆನಾ? ಇಪ್ಪತ್ತು ವರ್ಷದಿಂದ ಲಾರಿ ಇಟ್ಟೋನು ನಾನು!"

ಅತ್ತೆ ಮುಂದೆ ಬಂದಳು. "ಹಾಗಾದ್ರೆ ನನ್ನ ಮಗ ಹೇಗೆ ಫೇಲಾದ ಸ್ವಾಮಿ?"

ಗುತ್ತಿಗೆದಾರನ ನಗು ಹಾಗೇ ಒಣಗಿತು.

"ನಾನು ಸಹಿ ಹಾಕಿದ ಕಾಗದ ಕೊಡಿ. ತಪ್ಪು ಉತ್ತರ ಬರೆದಿದೀನಿ, ತಿದ್ದಬೇಕು."

"ಅದೆಲ್ಲ ಮುಗಿದ ಕಥೆ ಅಜ್ಜಿ. ಕೇಸು ಮುಚ್ಚಿದೆ." ಸೊಸೆಯ ಕಡೆ ತಿರುಗಿದ. "ಅನ್ನ ಹಾಕಿದ ಕೈನೇ ಕಚ್ತೀಯಾ? ಗಾಡಿನೂ ಇಲ್ಲ, ನಾಳೆಯಿಂದ ಪೊರಕೆನೂ ಇಲ್ಲ. ಹೋಗು."

ಸೊಸೆ ಹೋಗಲಿಲ್ಲ. ಅತ್ತೆ ಗೇಟಿನ ನಡುವೆ ನೆಲಕ್ಕೆ ಕೂತಳು, ಸೊಸೆ ಪಕ್ಕದಲ್ಲಿ ಕೂತಳು. ಮೇಸ್ತ್ರಿ ಸೀಟಿ ಜೋರಾಗಿ ಊದಿದ, ಎಲ್ಲರೂ ಬೀದಿಗೆ ಹೊರಡಿ ಅಂತ. ಯಾರೂ ಏಳಲಿಲ್ಲ. ಹಿಂದಿನ ಸಾಲಿನ ಹೆಂಗಸೊಬ್ಬಳು ಕೇಳಿದಳು, "ಅಮ್ಮ, ಆ ಪ್ರಶ್ನೆ ಇನ್ನೊಂದ್ಸಲ ಓದಿ. ನಮಗೆ ಕೇಳಿಸಲಿಲ್ಲ."

ಅತ್ತೆ ಪುಸ್ತಕ ಬಿಚ್ಚಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಕೇಳುತ್ತಾ ಕೇಳುತ್ತಾ ಒಬ್ಬೊಬ್ಬರಾಗಿ ಬಂದು ಅವಳ ಸುತ್ತ ಕೂತರು.

ಅಷ್ಟರಲ್ಲಿ ಅಂಗಳದಿಂದ ಒಂದು ಲಾರಿ ರಿವರ್ಸ್‌ನಲ್ಲಿ ಗೇಟಿನ ಕಡೆಗೆ ಬಂತು. ಹಾರ್ನ್ ಹೊಡೆಯಿತು. ಯಾರೂ ಸರಿಯಲಿಲ್ಲ. ಇನ್ನೊಮ್ಮೆ ಹೊಡೆಯಿತು. ಸೊಸೆ ಅತ್ತೆಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಲಾರಿ ನಿಂತಿತು. ಬಾಗಿಲು ತೆರೆಯಿತು. ಡ್ರೈವರ್ ಕೆಳಗಿಳಿದು ಹಿಂದೆ ಬಂದು ನೋಡಿದ. ಅಷ್ಟು ಮಾಡಲು ಅವನಿಗೆ ಹಿಡಿದದ್ದು ಎಂಟು ಹೆಜ್ಜೆ.

ಅತ್ತೆ ತಲೆಯೆತ್ತಿ ಅವನ ಮುಖ ನೋಡಿದಳು. ಕಣ್ಣಲ್ಲಿ ನೀರು ತುಂಬಿ ಅವನ ಮುಖ ಸರಿಯಾಗಿ ಕಾಣಿಸಲೂ ಇಲ್ಲ.

"ಇಷ್ಟೇ ಕಣಪ್ಪ ಮಾಡಬೇಕಾಗಿದ್ದಿದ್ದು," ಅಂದಳು. "ಇಷ್ಟೇ."