ಪಂಚನಾಮೆಯಲ್ಲಿ ಸತ್ತ ಏಡಿ

ಕೆರೆಯುತ್ತಿದೆ, ಇನ್ನೂ ಕೆರೆಯುತ್ತಲೇ ಇದೆ, ಬೋರಲು ಹಾಕಿದ ಗಡಿಗೆಯೊಳಗೆ ಉಗುರಿನಿಂದ ಮಣ್ಣು ಗೀರಿದ ಹಾಗೆ ಸಣ್ಣ ಸದ್ದು, ಬಿಸಿಲಿನಲ್ಲಿ ನಿಂತ ಅಂಬುಬಾಯಿಯ ಹಲ್ಲಿನ ಬೇರಿನವರೆಗೆ ಬಂದು ಮುಟ್ಟುತ್ತಿದೆ, ಚಾವಡಿಯ ಕಟ್ಟೆಯ ಮೇಲೆ ನೆರಳು ಹಿಡಿದು ಕೂತವರಿಗೆ ಮಾತ್ರ ಕೇಳುತ್ತಿಲ್ಲ, ಹೇಗೆ ಕೇಳೀತು, ಕುಲಕರ್ಣಿ ರಾಘವೇಂದ್ರರಾಯರು ಬರೆದು ಓದುತ್ತಿರುವ ಪಂಚನಾಮೆಯಲ್ಲಿ ಅದು ಆಗಲೇ ಸತ್ತುಹೋಗಿದೆ. ಹೊಳೆಯ ಉಸುಕಿನಲ್ಲಿ ಊರವರು ತೋಡಿಕೊಂಡ ಮೇಲಿನ ಒರತೆಯಲ್ಲಿ ಸಿಕ್ಕ ಸತ್ತ ಏಡಿ ಒಂದು, ಬಲಗಡೆಯ ಕೊಂಡಿ ಮುರಿದದ್ದು, ಅಡಿಗೆಗೆಂದು ಮುರಿದ ಗುರುತು ಇರುವುದು, ಹೊಲಗೇರಿಯ ಹುಲೆಪ್ಪನ ಹೆಂಡತಿ ಅಂಬುಬಾಯಿ ನೀರು ಕೆಡಿಸುವ ಸಲುವಾಗಿ ತಂದು ಹಾಕಿದ್ದು — ಎಷ್ಟು ಚೊಕ್ಕಟವಾಗಿ ಓದುತ್ತಾರೆ, ಏಡಿ ಎನ್ನುವಾಗ ಮಾತ್ರ ಬಾಯಿ ಹುಳಿ ಕಚ್ಚಿದ ಹಾಗೆ ಸೊಟ್ಟಗಾಗುತ್ತದೆ. ಮುಟ್ಟಿ ನೋಡಿಲ್ಲ, ಬಗ್ಗಿ ನೋಡಿಲ್ಲ. ಬೆಳಿಗ್ಗೆ ರಾಯರ ಹೆಂಡತಿ ವತ್ಸಲಾಬಾಯಿ ಒರತೆಗೆ ತಂಬಿಗೆ ಅದ್ದಿದಾಗ ಅದು ಅಂಚು ಹಿಡಿದು ಮೇಲೆ ಬಂತು, ಆಕೆ ತಂಬಿಗೆ ಬಿಸಾಕಿ ಚೀರಿದಳು, ಯಾರೋ ಬಡಿಗೆಯಿಂದ ಅದನ್ನು ಉಸುಕಿಗೆ ಚಿಮ್ಮಿದರು, ಆಮೇಲೆ ಸತ್ತದ್ದು ಎಲ್ಲಿ ಓಡಿಹೋಗುತ್ತದೋ ಎಂದು ಅದರ ಮೇಲೆ ಗಡಿಗೆ ಮುಚ್ಚಬೇಕಾಯಿತು, ಯಾರ ಗಡಿಗೆ? ಊರಿನ ಯಾವ ಮನೆಯ ಗಡಿಗೆ ಆ ಹೇಸಿಗೆಗೆ ಆದೀತು? ಹುಲೆಪ್ಪನಿಂದಲೇ ಅವನ ಮನೆಯ ಗಡಿಗೆ ತರಿಸಿದರು, ಅವನಿಂದಲೇ ಮುಚ್ಚಿಸಿದರು, ಅವನಿಂದಲೇ ಹಾಸುಗಲ್ಲಿನ ಚೂರಿನ ಮೇಲೆ ಹೊರಿಸಿ ಚಾವಡಿಯ ಮುಂದೆ ಇಡಿಸಿದರು, ಬದುಕಿದೆ ಎಂದು ಅವನಿಗೂ ಗೊತ್ತು, ಕಂಬದ ಹಾಗೆ ನಿಂತಿದ್ದಾನೆ, ರುಮಾಲು ಬಗಲಲ್ಲಿ, ಕಣ್ಣು ನೆಲದಲ್ಲಿ. ಈ ಕಾಗದಕ್ಕೆ ಪಾಟೀಲ ದೌಲತರಾಯರ ಸಹಿ ಬಿದ್ದರೆ ನಾಳೆ ಅದು ಅಫಜಲಪುರದ ಪೊಲೀಸ್ ಅಮೀನನ ಕೈ ಸೇರುತ್ತದೆ, ಅಮೀನನದು ನಾಳೆಯ ಮಾತು, ಸಹಿಯಾದ ಕೂಡಲೆ ಊರಿನ ಶಿಕ್ಷೆ ಇವತ್ತೇ — ಹೊಲಗೇರಿಯ ಕೆಳಗಿನ ಒರತೆಗೆ ಜಾಲಿಮುಳ್ಳು ತುಂಬಬೇಕು, ಮಳೆ ಬಿದ್ದು ಭೀಮೆ ಹರಿಯುವ ತನಕ ತೆಗೆಯಕೂಡದು. ವೈಶಾಖ ಇನ್ನೂ ಅರ್ಧ ಉಳಿದಿದೆ. ಹದಿನೇಳು ಮನೆ. ಎಳೆಗೂಸು ಐದು.

ನಾಲಗೆ ಅಂಗುಳಕ್ಕೆ ಅಂಟಿದೆ, ಬೆಳಗಿನಿಂದ ಹನಿ ಇಳಿದಿಲ್ಲ — ನಿನ್ನೆ ಸಂಜೆ ಅವಳು ಮೇಲಿನ ಒರತೆಯ ಹತ್ತಿರ ಕೂತಿದ್ದು ನಿಜ, ಇಲ್ಲವೆಂದವರು ಯಾರು, ಕೆಳಗಿನದರಲ್ಲಿ ಈಗ ಬೊಗಸೆ ನೀರು ಜಿನುಗಬೇಕಾದರೆ ಒಂದು ರೊಟ್ಟಿ ಬಡಿಯುವಷ್ಟು ಹೊತ್ತು ಬೇಕು, ಅದಕ್ಕೇ ಹೆಂಗಸರು ಮೇಲಿನ ಒರತೆಯಿಂದ ಇಪ್ಪತ್ತು ಹೆಜ್ಜೆ ಈಚೆ ಗಡಿಗೆ ಇಟ್ಟುಕೊಂಡು ಕೂರುವುದು, ಊರಿನ ಯಾರಿಗಾದರೂ ಮನಸ್ಸು ಬಂದರೆ ಎತ್ತರದಿಂದ ಸುರಿಯುತ್ತಾರೆ, ಅರ್ಧ ಗಡಿಗೆಗೆ, ಅರ್ಧ ಉಸುಕಿಗೆ. ಎವ್ವಾ ಒಂದು ತಂಬಿಗಿ ಹಾಕ್ರಿ, ನಮ್ಮವ್ವ, ಹಾಕ್ರಿ — ಆ ದನಿ ತನ್ನ ಗಂಟಲಿನದೇ, ಎಲ್ಲಿಂದ ಬರುತ್ತದೆ ಅಂಥ ಜೋಲು ದನಿ, ಒಲೆಯ ಮುಂದೆ ಮಕ್ಕಳನ್ನು ಗದರುವಾಗ ಇಲ್ಲದ್ದು, ಹೊಲದಲ್ಲಿ ಹಾಡುವಾಗ ಇಲ್ಲದ್ದು. ನಿನ್ನೆ ಯಾರೂ ಹಾಕಲಿಲ್ಲ, ಯುದ್ಧದ ದೆಸೆಯಿಂದ ಸೀಮೆಎಣ್ಣೆ ಸಿಗದ ವರ್ಷ, ಬೆಳಕಿದ್ದಾಗಲೇ ಮನೆ ಸೇರುವ ಅವಸರ, ಕಡೆಗೆ ಉಳಿದ ವತ್ಸಲಾಬಾಯಿ ಕೊಡ ಎತ್ತಿಕೊಳ್ಳುತ್ತ ನಾಳೆ ಬಾ ಅಂದಳು, ಈಗ ಅದೇ ಬಾಯಿ ಚಾವಡಿಯ ಬಾಗಿಲ ಮರೆಯಿಂದ ಸಾಕ್ಷಿ ಹೇಳುತ್ತಿದೆ, ನೀರ ಹಾಕಲಿಲ್ಲಂತ ಹೊಟ್ಟ್ಯಾಗ ಇಟಗೊಂಡು ಮಾಡ್ಯಾಳ್ರಿ, ಅಕಿ ಕಣ್ಣ ನೋಡಿದ್ದೆ ನಾ. ಕಣ್ಣು ನೋಡಿದ್ದಳಂತೆ! ಹೋದ ವರ್ಷ ಮೂರನೆಯ ಹೆರಿಗೆಯಲ್ಲಿ ಕೂಸು ಬಂದು ಕಸ ಒಳಗೇ ಉಳಿದು ಇದೇ ವತ್ಸಲಾಬಾಯಿ ಸುಣ್ಣದ ಹಾಗೆ ಬಿಳಿಚಿ ಬಿದ್ದಿದ್ದಾಗ ಯಾರ ಕೈ ಮೊಣಕೈತನಕ ಒಳಗೆ ಹೋಗಿತ್ತು, ಆಗ ಅಂಬವ್ವಾ ಅಂದಿದ್ದಳು, ಅಂಬವ್ವಾ ನೀನೇ ನನ್ನ ತಾಯಿ, ಕಸ ಬಿತ್ತು, ರಕ್ತ ನಿಂತಿತು, ಮೂರನೆಯ ದಿನ ಅಂಬುಬಾಯಿ ಕೂತಿದ್ದ ಜಾಗಕ್ಕೆ ಸೆಗಣಿ ಸಾರಿಸಿ ಗೋಮೂತ್ರ ಹೊಡೆದರು, ಅದೆಲ್ಲ ಇದ್ದದ್ದೇ — ಆದರೆ ಅಂಬವ್ವಾ ಅಂದ ಆ ಬಾಯಿಯ ಬೆಚ್ಚನೆಯ ಉಸಿರು ಇವತ್ತಿಗೂ ಕಿವಿಯಲ್ಲಿ ಇದೆಯಲ್ಲ, ತಿಕ್ಕಿ ತೊಳೆದರೂ ಹೋಗದ ಜಿಡ್ಡು, ಥೂ.

ದೌಲತರಾಯರು ಎಲೆಯಡಿಕೆಯ ರಸ ಉಗುಳುತ್ತಾರೆ, ಕೆಂಪು ಎಂಜಲು ಕಟ್ಟೆಯ ಕೆಳಗೆ ಅವಳ ಕಾಲಿಗೆ ಒಂದು ಗೇಣು ಈಚೆ ಬಿದ್ದು ಧೂಳಿನಲ್ಲಿ ಮುದ್ದೆಯಾಗುತ್ತದೆ, ಮೀಸೆಯಂಚಿಗೆ ಉಳಿದ ಹನಿಯನ್ನು ಹೆಬ್ಬೆರಳಿನಿಂದ ಒರೆಸಿ ಆ ಹೆಬ್ಬೆರಳನ್ನು ಧೋತರಕ್ಕೆ ತಿಕ್ಕುತ್ತಾರೆ, ಅದು ಯಾರಿಗೂ ಹೇಸಿಗೆಯಲ್ಲ. ಏನಬೇ ಅಂಬೂ, ದಿನಾ ತಿನ್ನೋರು ನೀವು, ನಿಮ್ಮ ಬೀಗರನ್ನ ನೀವೇ ಗುರ್ತು ಹಿಡೀರಿ, ಹೊಳೀದೋ ಹೊಲದ್ದೋ, ಎಲ್ಲಿಂದ ತಂದಿ ಹೇಳು. ಕಟ್ಟೆ ನಗುತ್ತದೆ. ರಾಯರೂ ಮೂಗಿಗೆ ಹೆಗಲ ಉಪರಣಿ ಹಿಡಿದುಕೊಂಡೇ ನಗುತ್ತಾರೆ, ಗುರುತು ಹೇಳಿದಳಂದ್ರ ಕೇಸು ಮುಗೀತು ಪಾಟೀಲರೇ, ಇಷ್ಟು ತಿಳದಾಕಿ ಹಾಕಿರಲೇಬೇಕು. ಸುಮ್ನಿರಬೇ, ಕಾಲು ಬೀಳು, ತಪ್ಪಾತನ್ನು, ಹುಲೆಪ್ಪನ ಪಿಸುಮಾತು ಹಿಂದಿನಿಂದ. ತಪ್ಪಾಯಿತು ಎಂದರೆ ಮುಳ್ಳು, ಗೊತ್ತಿಲ್ಲ ಎಂದರೆ ಮುಳ್ಳು, ಗೊತ್ತು ಎಂದರೂ ಮುಳ್ಳು. ಗೊತ್ತಿರುವುದೇ ಅಪರಾಧವಾದ ಮೇಲೆ ಪೂರ್ತಿ ಗೊತ್ತು ಎಂದೇ ಹೇಳಿಬಿಡಬೇಕು, ಮನಸ್ಸು ಹಾಗೆನ್ನುವಷ್ಟರಲ್ಲಿ ಕಾಲು ಆಗಲೇ ಮುಂದೆ ಹೋಗಿದೆ, ಕೈ ಆಗಲೇ ಗಡಿಗೆ ಎತ್ತಿದೆ.

ಕಟ್ಟೆಯ ಮೇಲಿನ ಕಾಲುಗಳೆಲ್ಲ ಒಟ್ಟಿಗೆ ಮೇಲಕ್ಕೆ ಹೋದವು. ಬಿಸಿಲು ತಾಗಿದ ಏಡಿ ಅಡ್ಡಡ್ಡ ಎರಡು ಹೆಜ್ಜೆ ಓಡಿ ನಿಂತಿತು, ಕಡ್ಡಿಯ ತುದಿಯ ಎರಡು ಕಣ್ಣು ಸುತ್ತ ತಿರುಗಿಸಿತು, ಬಾಯಿಯ ಮುಂದಿನ ಪುಟ್ಟ ಕದಗಳನ್ನು ತೆರೆದು ಮುಚ್ಚಿ ನೊರೆ ಬಿಟ್ಟಿತು. ಸತ್ತಿದ್ದು ನಡೀತದಲ್ಲೋ ರಾಯಾ, ಎಂದು ಕಟ್ಟೆಯ ಮೇಲಿನವರಲ್ಲಿ ಯಾರೋ ಅಂದರು, ರಾಯರು ಆ ಕಡೆ ನೋಡಲಿಲ್ಲ. ಬೆನ್ನಿನ ಮೇಲಿಂದ ಹೆಬ್ಬೆರಳು ಮತ್ತು ನಡುಬೆರಳಿನಲ್ಲಿ ಹಿಡಿದರೆ ಯಾವ ಏಡಿಯೂ ಕಚ್ಚಲಾರದು, ಅವ್ವ ಜೇವರ್ಗಿಯ ಕಡೆಯ ದಂಡೆಯ ಮೇಲೆ ಕೂರಿಸಿಕೊಂಡು ಕಲಿಸಿದ್ದು, ಮೊದಲು ಬೆನ್ನ ಸವರು, ಆಮ್ಯಾಲ ಅಂಚು ನೋಡು, ಆಮ್ಯಾಲ ಹೊಟ್ಟಿ, ಮಾರಿ ನೋಡಿ ಗುರ್ತು ಹಿಡಿಯೋದು ಮಂದೀನ್ನ, ಏಡೀನ್ನಲ್ಲ. ಹಾಗೇ ಹಿಡಿದು ಎತ್ತಿದಳು. ನೋಡ್ರಿ ಎಪ್ಪಾ, ಅಂಬುಬಾಯಿಯ ದನಿ ಏಳುತ್ತದೆ, ಜೋಲು ದನಿಯಲ್ಲ ಇದು, ಒಲೆಯ ಮುಂದಿನದು — ಹೊಲದ ಏಡಿ ಕೆಂಪು, ಬೆನ್ನ ಉಬ್ಬಿರತೈತಿ, ಅಂಗೈ ತುಂಬ್ತೈತಿ, ಅದನ್ನ ನಾವು ತಿಂತೇವಿ, ಸುಳ್ಳ್ಯಾಕ ಹೇಳ್ಲಿ. ಕಲ್ಲಿನ ಸಂದ್ಯಾಗಿನ ಹೊಳೀ ಏಡಿ ಕರೀದು, ಅಂಚು ಗರಗಸಿದ್ದಂಗ, ಅದನ್ನೂ ತಿಂತೇವಿ. ಇದು ದಂಡಿ ಏಡಿ, ಬೂದಿ ಬಣ್ಣ, ಚಪ್ಪಟಿ ಬೆನ್ನ, ಅಂಚು ನುಣ್ಣಗ, ಕಾಲಿನ ಗಂಟಿಗೆ ಕೂದಲು, ಎಷ್ಟು ಬೆಳದ್ರೂ ರೊಟ್ಟಿ ಹಿಟ್ಟಿನ ಉಂಡಿ ಅರ್ಧದಷ್ಟಽ. ಇದರಾಗ ಮಾಂಸ ಏನೈತ್ರಿ? ಚಿಪ್ಪು, ಚಿಪ್ಪಿನ ಬುಡಕ ಕಿವಿರು, ಹಳದಿ ನೀರು. ಬೆಕ್ಕು ಸುದ್ದಾ ಮೂಸೂದಿಲ್ಲ, ಹೊಲಗೇರ್‍ಯಾಗ ಇದನ್ನ ಯಾರೂ ಹಿಡ್ಯೂದಿಲ್ಲ. ಕೊಂಡಿ ಮುರದದ್ದೇನು? ರಾಯರು ಕಾಗದದ ಕಡೆಗೇ ನೋಡುತ್ತ ಕೇಳುತ್ತಾರೆ, ಅಡಿಗಿಗೆ ಮುರದೀರಿ. ಅವಳು ಏಡಿಯನ್ನು ಬಲಕ್ಕೆ ತಿರುಗಿಸುತ್ತಾಳೆ, ಕೊಂಡಿ ಇದ್ದ ಬುಡದಲ್ಲಿ ತೆಳು ಚರ್ಮದ ಚೀಲ, ಅದರೊಳಗೆ ಮಡಚಿಕೊಂಡ ಎಳೆಯ ಕೊಂಡಿ, ಕಡಲೆಕಾಳಿನಷ್ಟು, ಎರಡು ಬೆರಳೂ ಮೂಡಿದ್ದಾವೆ. ಮುರದು ತಿಂಗಳ ಮ್ಯಾಲಾಗೇತ್ರಿ, ಮತ್ತ ಚಿಗಿಯಾಕತ್ತೈತಿ ನೋಡ್ರಿ, ನಿನ್ನಿ ಮುರದಿದ್ರ ಇಲ್ಲಿ ಹಸೀ ಗಾಯ ಇರಬೇಕಿತ್ತು, ಬಗ್ಗಿ ನೋಡ್ರಿ ರಾಯರ, ನಾ ದೂರ ಹಿಡೀತೇನಿ. ರಾಯರು ಬಗ್ಗಲಿಲ್ಲ. ಯಾರೂ ಬಗ್ಗಲಿಲ್ಲ. ಕಣ್ಣಿದ್ದೂ ನೋಡಲಾರದವರ ಮುಂದೆ ಹೀಗೆ ಕೈ ಚಾಚಿ ನಿಲ್ಲುವುದು ಎಂಥ ಅಸಹ್ಯ, ಬೆವರು ಕಣ್ಣಿಗೆ ಇಳಿಯುತ್ತಿದೆ.

ಆಗ ಅವಳು ಅದನ್ನು ಅಂಗಾತ ಮಾಡಿದಳು. ಬಿಳಿಯ ಹೊಟ್ಟೆ, ಹೊಟ್ಟೆಯ ಮೇಲೆ ಮಡಚಿದ ಅಗಲ ಪದರ, ಗಂಡಿನದಾದರೆ ಹುಣಸೆಯೆಲೆಯಷ್ಟು ಕಿರಿದು, ಇದು ಎದೆಯ ತುಂಬ ಹೊದ್ದ ಸೆರಗು, ಹೆಣ್ಣು, ಸೆರಗು ಉಬ್ಬಿದೆ — ಉಗುರಿನ ತುದಿಯಿಂದ ಮೀಟಿದಳು. ಒಳಗೆ ಜೋಳದ ಕಾಳು ಚೆಲ್ಲಿದ ಹಾಗೆ, ಕಾಳಿಗೆ ಕಾಲು ಬಂದ ಹಾಗೆ, ನೂರೋ ಇನ್ನೂರೋ, ಬಿಸಿಲಿಗೆ ಒಂದರ ಮೇಲೊಂದು ಹತ್ತಿ ಮಿಸುಕತೊಡಗಿದವು. ಬಾಗಿಲ ಮರೆಯಲ್ಲಿ ವತ್ಸಲಾಬಾಯಿ ವ್ಯಾಕ್ ಎಂದದ್ದು ಕೇಳಿತು. ಎಪ್ಪಾ, ತತ್ತಿ ಒಡದು ಮರಿ ಆಗಿ ಇಷ್ಟಾಗಬೇಕಂದ್ರ ಹದಿನೈದು ದಿನ ಬೇಕ್ರಿ, ತತ್ತಿಗೆ ಕುಂತಿದ್ದು ಅದಕ್ಕೂ ಹಿಂದ, ಒಂದಽ ಕಡಿ ತಂಪಿನ್ಯಾಗ, ನಿಮ್ಮ ವರತಿ ಗ್ವಾಡ್ಯಾಗ ತೂತು ಕೊರಕೊಂಡು ಕುಂತೈತಿ, ಹೋಗಿ ನೋಡ್ರಿ, ನೀರಾಗೂ ಮರಿ ಇರ್ತಾವು. ಯಾರೂ ತಂದು ಹಾಕಿಲ್ರಿ, ಇದು ನಿಮ್ಮಲ್ಲೇ ಬಾಣಂತನ ಮಾಡೇತಿ.

ದೌಲತರಾಯರ ದವಡೆ ಎಲೆಯ ಮೇಲೆ ನಿಂತುಬಿಟ್ಟಿದೆ. ಎಂಟು ದಿನದ ಹಿಂದೆ ಅವರ ಮಗಳ ಮದುವೆ, ಮಾದನಹಿಪ್ಪರಗಾದಿಂದ ಎಂಬತ್ತು ಗಾಡಿ ಬೀಗರು, ಅನ್ನಕ್ಕೆ ಆ ನೀರು, ಸಾರಿಗೆ ಆ ನೀರು, ಅಳಿಯನ ಕಾಲು ತೊಳೆದದ್ದು ಆ ನೀರು, ದೇವರ ತಲೆಯ ಮೇಲೆ ದಿನಾ ಬೆಳಿಗ್ಗೆ ಎರೆಯುವುದು ಆ ನೀರು — ಆ ಲೆಕ್ಕವೆಲ್ಲ ಅವರ ಮುಖದ ಮೇಲೆ ಒಂದೊಂದಾಗಿ ಹಾದುಹೋಗುವುದು ಅವಳಿಗೆ ಕಾಣುತ್ತಿದೆ, ಅಯ್ಯೋ ಅನಿಸಬೇಕಿತ್ತು, ಅನಿಸುತ್ತಿಲ್ಲ, ಗೆದ್ದೆ ಅನಿಸಬೇಕಿತ್ತು, ಅದೂ ಇಲ್ಲ, ಬರಿಯ ವಾಕರಿಕೆ, ಈ ಮುಖಗಳು ನಿಜವನ್ನು ಬಾಯಿಗೆ ಹಾಕಿಕೊಂಡು ನುಂಗಲಾರದೆ ಉಗುಳಲಾರದೆ ಗಲ್ಲ ಉಬ್ಬಿಸಿ ಕೂತಿರುವುದನ್ನು ನೋಡುವುದೇ ವಾಕರಿಕೆ. ಕಡೆಗೆ ಪಾಟೀಲರು ಎದ್ದರು. ಬರದದ್ದು ಬರದದ್ದಽ ಇರ್ಲಿ ರಾಯರ, ಅಂದರು, ತಗ್ಗಿಸಿದ ದನಿ, ಇದು ತಾನಽ ಬಂತಂದ್ರ ಊರಽ ಪ್ರಾಯಶ್ಚಿತ್ತಕ್ಕ ಕುಂದ್ರಬೇಕು, ಬೀಗರಿಗೆ ಏನ ಹೇಳ್ಲಿ? ಸತ್ತದ್ದಂತ ಬರದೀರಿ, ಸತ್ತದ್ದಽ. ಏ ಅಂಬೂ, ಕಲ್ಲು ತಗೋ, ಜಜ್ಜು ಅದನ್ನ, ಮರಿ ಸುದ್ದಾ. ನಮ್ಮ ಮಂದಿ ಜೀವಾ ತೆಗೆಯೋರಲ್ಲ. ರಾಯರು ಆಗಲೇ ಬರೆಯುವ ಮಣೆಯ ಮೇಲೆ ಕಾಗದ ಸರಿಪಡಿಸಿ, ಕೆಳಗೆ ಸಹಿಗೆ ಬಿಟ್ಟ ಖಾಲಿ ಜಾಗದ ಹತ್ತಿರ ಲೇಖಣಿಕೆ ಇಟ್ಟಿದ್ದಾರೆ, ಅದರ ತುದಿಯಲ್ಲಿ ಶಾಯಿ ಹಸಿ, ಬರ್ರಿ ಪಾಟೀಲರೇ, ಒಂದು ಸಹಿ. ತಗೋಬೇ, ಹುಲೆಪ್ಪನೂ ಅಂದ, ಕಲ್ಲು ಕಾಲಿನಿಂದ ಅವಳ ಕಡೆಗೆ ನೂಕಿದ, ಅವನ ದನಿಯೂ ಜೋಲು.

ಅವರು ಸುಳ್ಳು ಬರೆದಿದ್ದಾರೆ, ಈಗ ಅವಳ ಕೈಯಿಂದ ಅದನ್ನು ನಿಜ ಮಾಡಿಸಬೇಕು, ಕಸ ತೆಗೆಯಲು ಇವಳ ಕೈ, ಹೆಣ ಎತ್ತಲು ಇವಳ ಕೈ, ಸುಳ್ಳಿಗೆ ಪ್ರಾಣ ಬೇಕಾದರೂ ಇವಳ ಕೈಯೇ — ಕಲ್ಲು ಕಾಲಿನ ಹತ್ತಿರ ಇದೆ, ಬಗ್ಗಿದರೆ ಸಿಗುತ್ತದೆ, ಬಗ್ಗಲಿಲ್ಲ, ನಡೆದಳು, ಮೂರು ಮಾರು, ಎಂದೂ ದಾಟದ ಮೂರು ಮಾರು, ದೂರ, ದೂರ ನಿಲ್ಲು ಎಂದು ಕೂಗಿದರು, ಕಟ್ಟೆಯ ಅಂಚು ಎದೆಗೆ ತಾಗಿತು, ಕೈ ನೀಡಿದಳು, ತಗೋರಿ ರಾಯರ, ಸತ್ತದ್ದು ನಿಮ್ಮದು, ಬದುಕಿದ್ದೂ ನಿಮ್ಮದಽ, ಎಂದು ಏಡಿಯನ್ನು ಕಾಗದದ ನಡುವೆ ಇಟ್ಟು ಕೈ ತೆಗೆದಳು. ಲೇಖಣಿಕೆ ಶಾಯಿ ಚೆಲ್ಲಿ ಹಾರಿತು, ರಾಯರು ಹಾರಿದರು, ಮಣೆ ಅಲುಗಿತು, ತಾಯಿ ಅಡ್ಡಡ್ಡ ಓಡಿ ಅಂಚಿನಿಂದ ಕೆಳಗಿಳಿಯಿತು, ಸೆರಗಿನಿಂದ ಉದುರಿದ ಮರಿಗಳು ಕಾಗದದ ತುಂಬ ಚೆಲ್ಲಿದವು, ಹಸಿಶಾಯಿಯಲ್ಲಿ ಕಾಲು ಅದ್ದಿಕೊಂಡು ಸಾಲಿನಿಂದ ಸಾಲಿಗೆ, ಅವಳ ಹೆಸರು ಇರುವ ಸಾಲಿನಿಂದ ಅದು ಇಲ್ಲದ ಸಾಲಿಗೆ. ಎತ್ತಲೇ ಹುಲ್ಯಾ, ಜಾಡಿಸು, ಕಾಗದಾ ಜಾಡಿಸಿ ಕೊಡಲೇ, ಪಾಟೀಲರು ಕೂಗುತ್ತಿದ್ದಾರೆ, ಹುಲೆಪ್ಪ ಮುಟ್ಟಿದ ಕಾಗದ, ಏಡಿ ಹರಿದ ಕಾಗದ, ಜಾಡಿಸಿ ಕೊಟ್ಟರೂ ಅದನ್ನು ಇಸಿದುಕೊಳ್ಳುವವರು ಯಾರು, ಹುಲೆಪ್ಪ ಅವಳನ್ನು ನೋಡಿದ, ಕಾಗದವನ್ನು ನೋಡಿದ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಸಹಿಗೆ ಬಿಟ್ಟ ಖಾಲಿ ಜಾಗದಲ್ಲಿ ಒಂದು ಮರಿ ನಿಂತಿದೆ, ಜೋಳದ ಕಾಳಿನಷ್ಟು, ಎರಡು ಕೊಂಡಿ ಮೇಲೆತ್ತಿ, ಉಳಿದವು ಮಣೆಯಿಂದ ಇಳಿದುಹೋದವು, ಅದು ಹೋಗುತ್ತಿಲ್ಲ, ಕಟ್ಟೆಯ ಮೇಲೆ ಆರು ಮಂದಿ, ಹನ್ನೆರಡು ಕೈ, ಒಂದೂ ಮುಂದೆ ಬರುತ್ತಿಲ್ಲ, ಸಹಿಯ ಜಾಗದಲ್ಲಿ ಜೋಳದ ಕಾಳಿನಷ್ಟು, ಎರಡು ಕೊಂಡಿ ಮೇಲೆತ್ತಿ —