ಮನೆಮಗಳ ಕೈಖರ್ಚು

‘ಸಂಬಳ’ ಎಂದು ಬರೆದ ಹೆನ್ನಿಂಗ್ ಅದನ್ನು ಹೊಡೆದುಹಾಕಿದ. ಅದರ ಮೇಲೆ ‘ಕೈಖರ್ಚು’ ಎಂದು ಬರೆದ. ಕಾನೂನಿನಲ್ಲಿ ಇದ್ದದ್ದೂ ಅದೇ ಮಾತು.

ಮಗುವನ್ನು ನೋಡಿಕೊಳ್ಳಲು ಹೊರದೇಶದಿಂದ ಬಂದು ಮನೆಯಲ್ಲೇ ಇರುವ ಹುಡುಗಿ ಕೆಲಸದವಳಲ್ಲ. ಓಪೇರ್. ಹಾಗೆಂದರೆ ಮನೆಯವರಿಗೆ ಸರಿಸಮ. ಮನೆಮಗಳಿಗೆ ಯಾರಾದರೂ ಸಂಬಳ ಕೊಡುತ್ತಾರೆಯೇ? ತಿಂಗಳಿಗೆ ಇನ್ನೂರ ಎಂಬತ್ತು ಯೂರೋ ಕೈಖರ್ಚು, ಊಟ, ಒಂದು ಕೋಣೆ. ಅದಕ್ಕೆ ಬದಲಾಗಿ ವಾರಕ್ಕೆ ಮೂವತ್ತು ಗಂಟೆ ಮೀರದ ‘ನೆರವು’.

ಹೆನ್ನಿಂಗ್ ಹದಿನೆಂಟು ವರ್ಷಗಳಿಂದ ಲೋಹದ ಕಾರ್ಖಾನೆಗಳ ಕಾರ್ಮಿಕರ ಪರವಾಗಿ ಮಾಲೀಕರ ಎದುರು ಕೂತು ಕೂಲಿಗಾಗಿ ಚೌಕಾಸಿ ಮಾಡಿದವನು. ಯಾವ ಮಾಲೀಕನಾದರೂ ‘ನೆರವು’ ಎಂದಿದ್ದರೆ ಮೇಜು ಗುದ್ದಿ ಎದ್ದು ಹೋಗುತ್ತಿದ್ದ. ಈಗ ಭಾನುವಾರ ಬೆಳಿಗ್ಗೆ, ಹನೋವರಿನ ತನ್ನದೇ ಅಡುಗೆಮನೆಯಲ್ಲಿ, ಅದೇ ಮಾತನ್ನು ದುಂಡಗೆ ಬರೆದುಕೊಂಡು ಕೂತಿದ್ದ.

“ಏನದು ಮೂರು ಕಾಲಮ್ಮು?” ಹೆಂಡತಿ ಸಿಲ್ಕೆ ಬಗ್ಗಿ ನೋಡಿದಳು.

“ಮೊದಲು ಹೇಳೋದು. ಆಮೇಲೆ ಏರಿಸೋದು. ಇದರ ಮೇಲೆ ಆಗಲ್ಲ ಅನ್ನೋದು.”

“ಅವಳಿಗಿನ್ನೂ ಇಪ್ಪತ್ತು ವರ್ಷ ಕಣೋ. ಉಕ್ಕಿನ ಕಾರ್ಖಾನೆ ಅಲ್ಲ.”

“ಆಚೆ ಬೀದಿಯ ಕ್ರೂಸೆ ಮನೆಯವರು ಅವಳನ್ನ ತಮ್ಮನೆ ಕೆಲಸಕ್ಕೆ ಕರೀತಿದಾರಂತೆ. ಅವರಲ್ಲಿ ಈಜುಕೊಳ ಇದೆ.”

ಸಿಲ್ಕೆ ಕಾಫಿ ಬಗ್ಗಿಸುವುದನ್ನು ನಿಲ್ಲಿಸಿದಳು. “ಹಾಗಾದ್ರೆ ಎಷ್ಟಾದ್ರೂ ಕೊಡು ಮಾರಾಯ. ಅವಳು ಹೋಗ್ಬಾರದು.”

ಮೂರು ತಿಂಗಳ ಹಿಂದೆ ಈ ಮನೆಯಲ್ಲಿ ಊಟವೆಂದರೆ ಮೂರು ಜನ ಬ್ರೆಡ್ಡಿಗೆ ಬೆಣ್ಣೆ ಸವರುವ ಸದ್ದು, ಅಷ್ಟೇ. ಯಾರಿಗೂ ಯಾರ ಮೇಲೂ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ನಾಲ್ಕು ಮಾತು ಹುಟ್ಟುತ್ತಿದ್ದವು. ಜಾರ್ಜಿಯಾದ ಕುತಾಯಿಸಿಯಿಂದ ತಮೂನಾ ಬಂದಳು. ಬಂದ ದಿನವೇ ನೀರಿನ ಲೋಟ ಹಿಡಿದು ಎದ್ದು ನಿಂತು, ಪಾತ್ರೆ ತೊಳೆಯುವ ಯಂತ್ರದ ಆಯುರಾರೋಗ್ಯಕ್ಕೆ ಹಾರೈಸಿದಳು. ಅವಳ ಊರಿನಲ್ಲಿ ಲೋಟ ಎತ್ತಿ ನಾಲ್ಕು ಒಳ್ಳೆಯ ಮಾತು ಆಡದೆ ಯಾರೂ ಒಂದು ಗುಟುಕೂ ಕುಡಿಯುವುದಿಲ್ಲವಂತೆ. ಕೊನೆಗೆ “ಗೌಮಾರ್ಜೋಸ್!” ಎಂದು ಕೂಗಬೇಕು. ಐದು ವರ್ಷದ ಮಗಳು ಫೆನ್ಯಾ ಆ ರಾತ್ರಿ ಹಲ್ಲುಜ್ಜುವ ಬ್ರಷ್ಷಿಗೂ ಗೌಮಾರ್ಜೋಸ್ ಹೇಳಿ ಮಲಗಿದಳು.

ಸಿಲ್ಕೆ ದಂತವೈದ್ಯೆ. ದಿನವಿಡೀ ಪರರ ಬಾಯಿ ನೋಡಿ ಸಾಕಾದವಳು. ಅವಳು ಬಾಯ್ತುಂಬ ನಗುವುದನ್ನು ಹೆನ್ನಿಂಗ್ ಎಷ್ಟೋ ವರ್ಷದ ಮೇಲೆ ನೋಡಿದ. ಅವಳ ದವಡೆಯಲ್ಲೊಂದು ಚಿನ್ನದ ಹಲ್ಲಿರುವುದೇ ಅವನಿಗೆ ಮರೆತುಹೋಗಿತ್ತು. ಸಂತೋಷವಾಯಿತು. ಸಂತೋಷವಾಗುತ್ತಿದೆ ಎಂದು ತಿಳಿದದ್ದೇ ತಡ, ಇದು ಯಾರ ಸಂತೋಷ, ಎಷ್ಟು ದಿನದ್ದು ಎಂದು ಲೆಕ್ಕ ಕೇಳುವವನೊಬ್ಬ ಅವನೊಳಗೆ ಎದ್ದು ಕೂತ.

ಆ ಮೊದಲ ಸಂಜೆ ತಮೂನಾ ಅವನನ್ನು ‘ನೀವು’ ಎಂದಿದ್ದಳು.

“ನೀವು ಗೀವು ಎಲ್ಲ ಬೇಡ. ನಾವೆಲ್ಲ ಒಂದೇ ಮನೆಯವರು. ಇಲ್ಲಿ ಎಲ್ಲರೂ ‘ನೀನು’ನೇ,” ಎಂದಿದ್ದ ಹೆನ್ನಿಂಗ್, ತನ್ನ ಔದಾರ್ಯಕ್ಕೆ ತಾನೇ ಕರಗಿ.

ಮಧ್ಯಾಹ್ನ ಮೂರಕ್ಕೆ ಹಿತ್ತಿಲ ಮೇಜಿನ ಮೇಲೆ ಕಾಫಿ ಬಂತು, ಪ್ಲಮ್ ಹಣ್ಣಿನ ಕೇಕು ಬಂತು, ಹಿಂದೆಯೇ ಕಣಜದ ಹುಳುಗಳೂ ಬಂದವು. ಸೆಪ್ಟೆಂಬರಿನ ಬಿಸಿಲು ಎಳೆಯದಾಗಿತ್ತು. ತಮೂನಾಳನ್ನು ಗೊತ್ತುಮಾಡಿಕೊಟ್ಟ ಏಜೆನ್ಸಿಯ ಪತ್ರ ಕೆನೆಯ ಬಟ್ಟಲಿನ ಕೆಳಗಿತ್ತು. ಮೂರು ತಿಂಗಳು ಕಳೆದ ಮೇಲೆ ಎರಡೂ ಕಡೆಯವರು ಕೂತು ಮಾತಾಡಿ ಸಹಿ ಹಾಕಬೇಕಾದ ಪತ್ರ.

ತಮೂನಾ ಕಾಫಿ ಕಪ್ಪು ಎತ್ತಿ ನಿಂತಳು. “ಈ ಕಣಜಕ್ಕೆ! ಕರೀದೇ ಬರುತ್ತೆ, ಎಲ್ಲರಿಗಿಂತ ಮೊದ್ಲೇ ಕೂರುತ್ತೆ, ಏಳು ಅಂದ್ರೆ ಕಚ್ಚುತ್ತೆ. ಥೇಟ್ ನಮ್ಮ ಸೋದರತ್ತೆ! ಆದ್ರೆ ಅತ್ತೆ ಬರದೇ ಇದ್ರೆ ಅದೆಂಥಾ ಹಬ್ಬ?”

“ಗೌಮಾರ್ಜೋಸ್!” ಫೆನ್ಯಾ ಕುರ್ಚಿಯ ಮೇಲೆ ಹತ್ತಿದಳು. ಸಿಲ್ಕೆಯ ಮೂಗಿಗೆ ಕಾಫಿ ಏರಿತು. ಬೇಲಿಯಾಚೆ ಗಿಡ ಸವರುತ್ತಿದ್ದ ಪಕ್ಕದ ಮನೆಯ ಮುದುಕ ಕೂಡ ಕತ್ತರಿ ಕೆಳಗಿಟ್ಟು ನಕ್ಕ.

ಹೆನ್ನಿಂಗ್ ಗಂಟಲು ಸರಿಮಾಡಿಕೊಂಡ. “ಪತ್ರದಲ್ಲಿ ಇನ್ನೂರ ಎಂಬತ್ತು ಅಂತಿದೆ. ನಾವು ಮುನ್ನೂರ ಐವತ್ತು ಅಂದ್ಕೊಂಡಿದೀವಿ.”

“ಹೌದಾ?” ಎಂದಳು ತಮೂನಾ. ಮತ್ತೇನೂ ಹೇಳಲಿಲ್ಲ.

ಎದುರಿನವರು ಸುಮ್ಮನಿದ್ದರೆ ನೀವೂ ಸುಮ್ಮನಿರಿ ಎಂದು ಹೊಸಬರಿಗೆ ಪಾಠ ಹೇಳುವವನು ಹೆನ್ನಿಂಗ್. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಎರಡು ಉಸಿರಿನಷ್ಟು ಹೊತ್ತೂ ಅವನಿಂದ ತಡೆಯಲಾಗಲಿಲ್ಲ. “ನಾನೂರು,” ಎಂದ. “ಒಂದು ಸೈಕಲ್ಲು. ತಿಂಗಳ ರೈಲು ಪಾಸು. ಕ್ರಿಸ್‌ಮಸ್ಸಿಗೆ ಊರಿಗೆ ಹೋಗಿಬರೋ ಟಿಕೆಟ್ಟು.”

“ಅಯ್ಯೋ, ಸಾಕು ನಿಲ್ಸು!” ತಮೂನಾ ನಗುತ್ತ ಕೈ ಅಡ್ಡ ಹಿಡಿದಳು.

“ಹದಿನೆಂಟು ವರ್ಷದ ಅನುಭವ ನೋಡು ಇವನದು,” ಎಂದಳು ಸಿಲ್ಕೆ. “ಮೂರು ಕಾಲಮ್ಮೂ ಒಂದೇ ನಿಮಿಷಕ್ಕೆ ಖಾಲಿ!”

ನಗು ಇಳಿಯಿತು. ತಮೂನಾ ಬೆನ್ನು ನೆಟ್ಟಗೆ ಮಾಡಿ, ಕೈಗಳೆರಡನ್ನೂ ಮೇಜಿನ ಮೇಲಿಟ್ಟಳು. “ಹೆನ್ನಿಂಗ್ ಅವರೇ, ನೀವು ಹೇಳಿದ್ದು ಹೆಚ್ಚೇ ಆಯ್ತು. ನಂಗೆ ಇನ್ನೂರ ಎಂಬತ್ತೇ ಸಾಕು. ನಾನು ಒಂದೇ ಒಂದು ಕೇಳ್ತೀನಿ.”

ಫೆನ್ಯಾ ಹಿಂದೆ ಮುಂದೆ ನೋಡಿದಳು, ಬೇರೆ ಯಾರೋ ಹೆನ್ನಿಂಗ್ ಅವರು ಬಂದಿದ್ದಾರೆ ಎಂದುಕೊಂಡು.

“ಇದೇನು, ‘ನೀವು’?” ಹೆನ್ನಿಂಗ್ ನಗಲು ನೋಡಿದ.

“ಕರಾರಿನ ಮಾತಾಡೋವಾಗ ‘ನೀವು’. ಮುಗಿದ ಮೇಲೆ ‘ನೀನು’. ಭಾನುವಾರದ ಈ ಕಾಫಿ ಇದೆಯಲ್ಲ, ಮೂರರಿಂದ ಆರು? ಅದನ್ನೂ ಆ ಮೂವತ್ತು ಗಂಟೆಗೆ ಸೇರಿಸ್ಕೊಳ್ಳಿ.”

“ಆದ್ರೆ ಇದು ಕೆಲಸ ಅಲ್ವಲ್ಲ! ನೀನು ತಟ್ಟೆ ಕೂಡ ಎತ್ತೋದು ಬೇಡ. ಸುಮ್ನೆ ನಮ್ಮ ಜೊತೆ ಕೂತ್ಕೊಂಡ್ರೆ ಆಯ್ತು.”

“ಸುಮ್ನೆ ಕೂತ್ರೆ ಆಗುತ್ತಾ? ಹೋದ ಭಾನುವಾರ ತಲೆನೋವು ಅಂತ ನಾನು ಮೇಲೇ ಮಲಗಿದ್ದೆ. ನೀವು ನಾಲ್ಕು ಸಲ ಬಂದ್ರಿ. ಚಾ ಬೇಕಾ, ಮಾತ್ರೆ ಬೇಕಾ, ಐದೇ ನಿಮಿಷ ಬಂದು ಹೋಗ್ತೀಯಾ. ಬಂದೆ. ಮೂರೂ ಜನ ನನ್ನ ಬಾಯೇ ನೋಡ್ತಾ ಕೂತಿದ್ರಿ.”

ಕಣಜವೊಂದು ಕೆನೆಯೊಳಗೆ ಬಿತ್ತು.

“ಹಾಗಾದ್ರೆ ನೀನು ನಗೋದೆಲ್ಲ...” ಸಿಲ್ಕೆ ಕಪ್ಪು ಕೆಳಗಿಟ್ಟಳು.

“ಛೆ ಛೆ, ನಗು ನಿಜಾನೇ. ದುಡಿಮೆನೂ ನಿಜ. ನಮ್ಮಮ್ಮ ಮದುವೆ ಮನೆಗಳಲ್ಲಿ ಹಾಡ್ತಾಳೆ. ಖುಷಿಯಾಗೇ ಹಾಡ್ತಾಳೆ. ಹಾಡಿದ್ದಕ್ಕೆ ದುಡ್ಡೂ ತಗೋತಾಳೆ.”

“ಇಲ್ಲಾಂದ್ರೆ ಕ್ರೂಸೆ ಮನೆಗೆ ಹೋಗ್ತೀಯಾ?” ಹೆನ್ನಿಂಗ್‌ಗೆ ತನ್ನ ದನಿ ಸಣ್ಣದಾದದ್ದು ಕೇಳಿಸಿತು.

“ಎಲ್ಲೂ ಹೋಗಲ್ಲ. ಫೆನ್ಯಾನ ಬಿಟ್ಟು ಹೋಗಕ್ಕಾಗುತ್ತಾ? ಆದ್ರೆ ಭಾನುವಾರ ನನ್ನ ಬಾಗಿಲು ಹಾಕ್ಕೊಂಡಿರ್ತೀನಿ.”

ಕಾರ್ಮಿಕ ಕಾರ್ಖಾನೆಯೊಳಗೆ ಬಂದು ಕೆಲಸದ ಬಟ್ಟೆ ತೊಡುವ ಏಳು ನಿಮಿಷವೂ ಕೆಲಸದ ಹೊತ್ತೇ ಎಂದು ಎರಡು ವರ್ಷ ಬಡಿದಾಡಿ ಗೆದ್ದವನು ಹೆನ್ನಿಂಗ್. ಮಾಲೀಕನ ಅಗತ್ಯಕ್ಕೆ ಕಳೆದ ಹೊತ್ತೆಲ್ಲ ದುಡಿಮೆ. ಇದು ಅವನದೇ ಮಾತು. ಹುಡುಗಿ ಎಷ್ಟು ಚೆನ್ನಾಗಿ ಹಿಡಿದಳು! ಹದಿನೆಂಟು ವರ್ಷದಲ್ಲಿ ಇಷ್ಟು ಚೊಕ್ಕವಾಗಿ ಬೇಡಿಕೆ ಇಟ್ಟವರನ್ನು ಅವನು ಕಂಡಿರಲಿಲ್ಲ. ಮನಸ್ಸು ಉಬ್ಬಿಬಂತು. ಶಹಬ್ಬಾಸ್ ಎಂದು ಬೆನ್ನು ತಟ್ಟಲು ಕೈ ಚಾಚಿದ. ಅಷ್ಟರಲ್ಲಿ ತಾನು ಕೂತಿರುವುದು ಮೇಜಿನ ಯಾವ ಕಡೆ ಎಂಬುದು ಹೊಳೆದು, ಚಾಚಿದ ಕೈಯಿಂದ ಪೆನ್ನು ಎತ್ತಿಕೊಂಡ.

“ನ್ಯಾಯವಾದ ಮಾತು,” ಎಂದ.

ಪತ್ರದಲ್ಲಿ ‘ನೆರವಿನ ವಿವರ’ ಎಂಬ ಖಾಲಿ ಜಾಗವಿತ್ತು. ಭಾನುವಾರ, ಮೂರರಿಂದ ಆರು ಎಂದು ಬರೆದ. ಮುಂದೆ ಏನು ಬರೆಯುವುದು? ಮಗುವನ್ನು ನೋಡಿಕೊಳ್ಳುವುದು ಎನ್ನೋಣವೆಂದರೆ ಸುಳ್ಳು. ಜೊತೆಗಿರುವುದು ಎನ್ನಲು ಕೈ ಬರಲಿಲ್ಲ.

“ನಗ್ಸೋದು ಅಂತ ಬರಿ ಅಪ್ಪಾ,” ಎಂದಳು ಫೆನ್ಯಾ, ಬೆರಳಿಗಂಟಿದ ಕೆನೆ ನೆಕ್ಕುತ್ತ.

ಮೊದಲು ಸಿಲ್ಕೆಗೆ ತಡೆಯಲಾಗಲಿಲ್ಲ. ಆಮೇಲೆ ತಮೂನಾ ಹೊಟ್ಟೆ ಹಿಡಿದುಕೊಂಡಳು. ಹೆನ್ನಿಂಗ್ ಹಾಗೆಯೇ ಬರೆದ: ನಗಿಸುವುದು, ಮೂರು ಗಂಟೆ. ಇಬ್ಬರೂ ಸಹಿ ಹಾಕಿದರು. ಮನೆಯಲ್ಲೊಂದು ಮದುವೆ ನಿಶ್ಚಯವಾದ ಹಾಗಿತ್ತು.

ಆ ಮಧ್ಯಾಹ್ನದಂಥ ಮಧ್ಯಾಹ್ನ ಆ ಹಿತ್ತಿಲಿಗೆ ಹಿಂದೆಂದೂ ಬಂದಿರಲಿಲ್ಲ. ತಮೂನಾ ಸಹಿಗೆ ಹಾರೈಸಿದಳು, ಪೆನ್ನಿಗೆ ಹಾರೈಸಿದಳು, ಕೆನೆಯಲ್ಲಿ ಮುಳುಗಿದ ಕಣಜಕ್ಕೆ ಕಣ್ಣೀರು ಒರೆಸಿಕೊಳ್ಳುತ್ತ ಸದ್ಗತಿ ಕೋರಿದಳು. ಬೇಲಿಯಾಚೆಯ ಮುದುಕನಿಗೂ ಒಂದು ತುಂಡು ಕೇಕು ಹೋಯಿತು. ಸಿಲ್ಕೆ ಗಂಡನ ಭುಜಕ್ಕೆ ಒರಗಿದಳು. ಹೆನ್ನಿಂಗ್ ತಾನೂ ಎದ್ದು ನಿಂತು ಏಳು ನಿಮಿಷದ ಹೋರಾಟಕ್ಕೆ ಕಪ್ಪು ಎತ್ತಿದ. ಯಾರಿಗೂ ಏನೂ ಅರ್ಥವಾಗದೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಆರು ಹೊಡೆಯಿತು. ತಮೂನಾ ಎದ್ದಳು.

“ಫೈರಾಬೆಂಡ್!” ಎಂದಳು. ದಿನದ ಕೆಲಸ ಮುಗಿದಾಗ ಹನೋವರಿನ ಕೂಲಿಯವನೂ ಕಾರಕೂನನೂ ಆಡುವ ಮಾತು. ಅದರಲ್ಲಿ ಹಬ್ಬವೂ ಇದೆ, ಸಂಜೆಯೂ ಇದೆ. ಅವಳಿಗೆ ಅದನ್ನು ಕಲಿಸಿದವನು ಹೆನ್ನಿಂಗೇ.

“ಇನ್ನು ‘ನೀನು’,” ಎಂದು ಅವನ ಭುಜಕ್ಕೊಂದು ಏಟು ಕೊಟ್ಟಳು. “ಬರ್ತೀನಿ ಕಣೋ.” ಫೆನ್ಯಾಳ ನೆತ್ತಿಗೆ ಮುತ್ತಿಟ್ಟು ಮೇಲೆ ಹೋದಳು. ಅವಳ ಕೋಣೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ತಟ್ಟೆಗಳನ್ನು ಒಳಗೆ ತಂದರು. “ಚೆನ್ನಾಗಾಯ್ತಲ್ಲ,” ಎಂದಳು ಸಿಲ್ಕೆ. “ಹೂಂ, ಚೆನ್ನಾಗಾಯ್ತು,” ಎಂದ ಹೆನ್ನಿಂಗ್. ಬಳಿಕ ಆಡಲು ಏನೂ ಉಳಿಯಲಿಲ್ಲ. ಸಿಲ್ಕೆ ಬ್ರೆಡ್ಡು ಕೊಯ್ಯತೊಡಗಿದಳು.

ಪತ್ರದ ಅವಳ ಪ್ರತಿಯನ್ನು ಕೊಟ್ಟುಬರೋಣವೆಂದು ಹೆನ್ನಿಂಗ್ ಮೆಟ್ಟಿಲು ಹತ್ತಿದ. ಕೊನೆಯ ಎರಡು ಮೆಟ್ಟಿಲು ಉಳಿದಿರುವಾಗ ಬಾಗಿಲಾಚೆಯಿಂದ ನಗು ಕೇಳಿತು. ಊರಿಗೆ ಫೋನು ಮಾಡಿದ್ದಳು. ಈ ನಗುವನ್ನು ಅವನು ಮೇಜಿನ ಬಳಿ ಒಮ್ಮೆಯೂ ಕೇಳಿರಲಿಲ್ಲ. ಒರಟು ನಗು, ನಡುನಡುವೆ ಬಿಕ್ಕಳಿಕೆ, ತೊಡೆ ಬಡಿದುಕೊಳ್ಳುವ ಸದ್ದು. ಮತ್ತೆ ಅವಳ ಭಾಷೆಯ ನಾಲ್ಕು ಮಾತು. ಒಂದೂ ಅವನಿಗೆ ತಿಳಿಯಲಿಲ್ಲ. ಮತ್ತೆ ನಗು.

ಬಾಗಿಲು ತಟ್ಟಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತ. ಒಳಗಿನ ನಗು ಇನ್ನೊಮ್ಮೆ ಎದ್ದಾಗ ತಾನೂ ನಕ್ಕ.

“ಅಪ್ಪಾ, ಯಾಕೆ ನಗ್ತಿದೀಯಾ?” ಕೆಳಗೆ ಫೆನ್ಯಾ ನಿಂತಿದ್ದಳು.

“ಗೊತ್ತಿಲ್ಲ ಪುಟ್ಟೀ.”

ಅವಳಿಗೆ ಅಷ್ಟು ಸಾಕಾಯಿತು. ಹತ್ತಿ ಬಂದು ಅವನ ಕೆಳಗಿನ ಮೆಟ್ಟಿಲಲ್ಲಿ ಕೂತಳು. ಮಗುವನ್ನು ಊಟಕ್ಕೆ ಕರೆಯಲು ಬಂದ ಸಿಲ್ಕೆ, ಚಾಕು ಕೈಯಲ್ಲೇ ಹಿಡಿದು, ಅದಕ್ಕೂ ಕೆಳಗಿನ ಮೆಟ್ಟಿಲಲ್ಲಿ ಕೂತಳು. ಒಳಗೆ ನಗು ಸಿಡಿಯಿತು; ಮೂವರೂ ನಕ್ಕರು. ಒಳಗೆ ನಿಂತಿತು, ಮೂವರೂ ನಿಲ್ಲಿಸಿದರು. ಇನ್ನೊಮ್ಮೆ ಸಿಡಿಯಿತು, ಇನ್ನೊಮ್ಮೆ ನಕ್ಕರು. ಫೆನ್ಯಾಗೆ ಇದೊಂದು ಒಳ್ಳೆಯ ಆಟವೆನಿಸಿ ಅಪ್ಪನ ಮೊಣಕಾಲನ್ನು ಹಿಡಿದುಕೊಂಡಳು.

ಆಮೇಲೆ ಒಳಗಿನಿಂದ ಏನೂ ಕೇಳಲಿಲ್ಲ. ಮೂವರೂ ಬಾಯಿ ಅರ್ಧ ತೆರೆದುಕೊಂಡು, ಒಬ್ಬರ ಕೆಳಗೊಬ್ಬರು, ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತರು.