ಬಟನ್ನಿನ ಕೆಲಸ ಚಂದಮ್ಮಂದು

ಫ್ಯಾನು ನಿಲ್ಲುತ್ತಿದೆ, ಮೂರು ರೆಕ್ಕೆಗಳೂ ಈಗ ಬೇರೆ ಬೇರೆ ಕಾಣುತ್ತಿವೆ, ಒಂದರ ಅಂಚಿಗೆ ಧೂಳು ಹೆಚ್ಚು, ಇನ್ನೊಂದು ಸುತ್ತು, ಇನ್ನರ್ಧ — ನಿಂತಿತು, ಕರೆಂಟು ಹೋಯಿತು, ಮೇ ತಿಂಗಳ ನಾಲ್ಕು ಗಂಟೆಗೆ ಆಳಂದದಲ್ಲಿ ಕರೆಂಟು ಹೋಗದೆ ಇನ್ನೇನು, ಬನಿಯನ್ನು ಬೆನ್ನಿಗೆ ಅಂಟುತ್ತಿದೆ, ಮೂಲೆಯಲ್ಲಿ ಟಿವಿಯ ಕೆಂಪು ಚುಕ್ಕೆಯೂ ಆರಿದೆ. ಮಗಳು ಪ್ರಮಿಲಾ ಮತ್ತೆ ರಿಮೋಟಿನಿಂದಷ್ಟೇ ಬಂದ್ ಮಾಡಿ ಎದ್ದು ಹೋಗಿದ್ದಾಳೆ, ಗೋಡೆಯ ಬಟನ್ನು ಹಾಗೇ ಇದೆ, ನಾನೇ ಎದ್ದು ಆರಿಸಬೇಕು, ಎದ್ದರೆ ಬಾಗಿಲ ಎದುರು ಹಾದು ಹೋಗಬೇಕು, ಹಾದು ಹೋದರೆ ಹೊರಗೆ ಕಟ್ಟೆಯ ಮೇಲೆ ಕೂತವಳ ಕಣ್ಣಿಗೆ ಬೀಳುತ್ತೇನೆ. ಚಂದಮ್ಮ ಬಂದಿದ್ದಾಳೆ. ಇಪ್ಪತ್ತು ವರ್ಷದ ಮೇಲೆ ಬಂದಿದ್ದಾಳೆ. ಒಳಗ ಬಾ ಚಂದಮ್ಮ, ಬಿಸಲಾಗ ಯಾಕ ಕೂತಿ ಎಂದು ಮಗಳು ಎರಡು ಸಲ ಕರೆದಳು, ಬ್ಯಾಡ್ರಿ ತಂಗಿ, ಇಲ್ಲೇ ಚಲೋ ಅದ ಎಂದಳು, ದನಿ ಸವೆದಿದೆ, ಆದರೂ ಅದೇ ದನಿ, ಹಿತ್ತಲ ಪಡಸಾಲೆಯಿಂದ ನನ್ನ ಅವ್ವನಿಗೆ ಬಂದ್ ಮಾಡೀನ್ರಿ ಬಾಯಾರ ಎನ್ನುತ್ತಿದ್ದ ದನಿ. ಮಾಸ್ತರ್ರು ಮಲಕೊಂಡಿದ್ರ ಎಬ್ಬಸಬ್ಯಾಡ್ರಿ, ಏಳೋತನ ಕೂಡ್ತೇನಿ. ನಾನು ಮಲಗಿಲ್ಲ. ಕುರ್ಚಿಯಲ್ಲಿ ಕೂತು ನಿಂತ ಫ್ಯಾನನ್ನು ನೋಡುತ್ತಿದ್ದೇನೆ, ಐವತ್ತಾರು ವರ್ಷದ ಜಯತೀರ್ಥ ಮಾಸ್ತರ, ಎಂಟನೆಯ ಇಯತ್ತೆಗೆ ವಿಜ್ಞಾನ ಹೇಳುವವನು, ನನ್ನ ಮನೆಯಲ್ಲೇ ಅಡಗಿ ಕೂತಿದ್ದೇನೆ.

ಲಗ್ನಪತ್ರ ತಂದಿದ್ದಾಳೆ. ಮೊಮ್ಮಗಳ ಲಗ್ನ, ಬರುವ ಗುರುವಾರ, ಗಂಡು ಯಡ್ರಾಮಿಯವನು. ಅಷ್ಟೇ ಆಗಿದ್ದರೆ ಪತ್ರವನ್ನು ಮಗಳ ಕೈಗೆ ಕೊಟ್ಟು ತನ್ನೂರು ನರೋಣಾದ ಬಸ್ಸು ಹಿಡಿಯುತ್ತಿದ್ದಳು, ಅಷ್ಟೇ ಅಲ್ಲ, ಮಗಳಿಗೆ ಹೇಳಿದ್ದೆಲ್ಲ ನನಗೆ ಕೇಳಿಸಿದೆ, ಇನ್ನೂ ಕೇಳಿಸುತ್ತಿದೆ — ಗಂಡಿನ ಮನ್ಯಾಗ ಲೈಟ ಅದ, ಫ್ಯಾನ ಅದ, ಟಿವಿ ಅದ ಅಂತ್ರಿ, ನಮ್ಮ ಹುಡುಗಿ ಹುಟ್ಟಿದಾಗಿಂದ ಮನ್ಯಾಗ ಒಂದ್ ಬಟನ್ ಒತ್ತಿದಾಕಿ ಅಲ್ಲ, ನನ್ನ ಕೈದು ಪಾಪ ಅಕಿ ಕೈಗಿ ಹತ್ತಬಾರ್ದು ತಂಗಿ, ಮಾಸ್ತರ್ರು ಮಾಫ್ ಮಾಡೀನಿ ಅಂತ ಒಂದ್ ಮಾತ ಅಂದ್ರ ಸಾಕು, ಹೋಗ್ತೇನಿ. ಒಂದು ಮಾತು. ನನಗೆ ಅದೆಷ್ಟು ಸುಲಭ, ಹೊಸ್ತಿಲ ಮೇಲೆ ನಿಂತು ಮಾಫ್ ಮಾಡೀನಿ ಚಂದಮ್ಮ ಎಂದರೆ ಮುಗಿಯಿತು, ಅವಳು ಕಣ್ಣೊರೆಸಿಕೊಂಡು ಹೋಗುತ್ತಾಳೆ, ಮಗಳು ನನ್ನನ್ನು ದೊಡ್ಡ ಮನುಷ್ಯ ಎಂದುಕೊಳ್ಳುತ್ತಾಳೆ, ಗಾಣಗಾಪುರಕ್ಕೆ ಹುಣ್ಣಿಮೆಗೆಂದು ಹೋದ ಹೆಂಡತಿ ಮಥುರಾ ಬಂದ ಮೇಲೆ ಮಗಳು ಅವಳಿಗೂ ಹೇಳುತ್ತಾಳೆ, ಅಪ್ಪ ಅಂದಬಿಟ್ರು ನೋಡವ್ವ. ಹೋಗ್ಲಿ ಬಿಡು ಚಂದಮ್ಮ, ತಿಳೀದ ಆಗ್ಯದ ಎಂದು ಪ್ರಮಿಲಾ ಈಗಲೇ ಅನ್ನುತ್ತಿದ್ದಾಳೆ, ಪಾಪ, ಅಜ್ಜಿಯ ಮುಖವನ್ನೇ ನೋಡದ ಹುಡುಗಿ, ಅಜ್ಜಿಯನ್ನು ಕೊಂದವಳು ಎಂದು ಮನೆಮಂದಿ ಹೇಳುತ್ತಾ ಬಂದ ಚಂದಮ್ಮನಿಗೇ ಒಳಗೆ ಬಾ ಎನ್ನುತ್ತಿದ್ದಾಳೆ. ನಾನು ಏಳುತ್ತಿಲ್ಲ.

ಬಂದ್ ಮಾಸ್ತರ ಎಂದು ಓಣಿಯ ಹುಡುಗರು ನನಗೆ ಹೆಸರಿಟ್ಟಿದ್ದಾರೆ, ಗೊತ್ತು. ಎದ್ದು ಬಂದ ಕೋಣೆಯ ದೀಪ ಆರಿಸುವುದು, ಊಟವಾದ ಮೇಲೆ ರೇಡಿಯೋದ ವೈರನ್ನು ಗೋಡೆಯಿಂದಲೇ ಕೀಳುವುದು, ಊರಿಗೆ ಹೊರಟರೆ ಮೇನ್ ಎಳೆದು ಫ್ಯೂಜು ಕಿತ್ತು ಕಿಸೆಯಲ್ಲಿ ಇಟ್ಟುಕೊಳ್ಳುವುದು, ಒಮ್ಮೆ ಅಫಜಲಪುರದ ಲಗ್ನದ ಪಂಕ್ತಿಯಲ್ಲಿ ಕರವಸ್ತ್ರ ತೆಗೆಯಲು ಹೋಗಿ ಫ್ಯೂಜು ಎಲೆಯೊಳಗೇ ಬಿತ್ತು, ಎಲ್ಲರೂ ನಕ್ಕರು, ನಾನೂ ನಕ್ಕೆ. ಜುಗ್ಗ ಎನ್ನುತ್ತಾರೆ. ಎನ್ನಲಿ. ಜುಗ್ಗ ಎಂಬ ಹೆಸರು ನನಗೆ ಮಳೆಗಾಲದ ಕೊಡೆಯ ಹಾಗೆ ಅನುಕೂಲವಾಗಿದೆ, ಅದರ ಕೆಳಗೆ ನಿಂತರೆ ಯಾರೂ ಬೇರೆ ಕಾರಣ ಕೇಳುವುದಿಲ್ಲ. ಹೋದ ವರ್ಷ ಪ್ರಮಿಲಾ ಪಿಯುಸಿ ಮುಗಿಸಿ ಹಿಡಿದ ಬ್ಯಾಂಕಿನ ಕೆಲಸದ ಪಗಾರದಲ್ಲಿ ಈ ಕಲರ್ ಟಿವಿ ತಂದಳು, ಕೂಡಿಸಲು ಬಂದ ಖಾದರಸಾಬ ರಿಮೋಟು ತೋರಿಸಿದ, ಒತ್ತಿದ, ಚಿತ್ರ ಹೋಯಿತು, ಮೂಲೆಯಲ್ಲಿ ಕೆಂಪು ಚುಕ್ಕೆ ಉಳಿಯಿತು. ಅದ್ಯಾಕ ಹೋಗಂಗಿಲ್ಲ ಎಂದೆ. ಇದು ಮಲಗೋದಿಲ್ರಿ ಮಾಸ್ತರ, ಕಣ್ಣ ತಕ್ಕೊಂಡು ಕುಂತಿರ್ತದ, ನೀವು ಕರದ ಕೂಡ್ಲೆ ಏಳ್ತದ ಎಂದ. ಅವನು ನಗುತ್ತಾ ಹೇಳಿದ. ಅಂದಿನಿಂದ ದಿನಾ ಎಲ್ಲರೂ ಎದ್ದ ಮೇಲೆ ಹೋಗಿ ಅದನ್ನು ಗೋಡೆಯಲ್ಲೇ ಆರಿಸುತ್ತೇನೆ, ಎಷ್ಟು ಉಳಿತದ ಅಪ್ಪಾ ಅದರಾಗ ಎಂದು ಮಗಳು ಚಾಷ್ಟಿ ಮಾಡುತ್ತಾಳೆ. ಉಳಿತಾಯಕ್ಕಲ್ಲ ಮಗಳೇ. ಆರಿಸದೆ ಬಿಟ್ಟದ್ದು ಆರಿಲ್ಲ, ಕಾಯುತ್ತಿರುತ್ತದೆ, ಇಷ್ಟನ್ನು ನಾನು ನಿನಗೆ ಹೇಗೆ ಹೇಳಲಿ.

ಎಪ್ಪತ್ತೈದನೆಯ ಇಸವಿ, ಮಾಘದ ಚಳಿ, ಮಥುರಾ ಇದೇ ಪ್ರಮಿಲಾಳ ಹೆರಿಗೆಗೆ ಅಫಜಲಪುರದ ತವರಿಗೆ ಹೋಗಿದ್ದಳು, ಮನೆಯಲ್ಲಿ ಅವ್ವ ಮತ್ತು ನಾನು, ಹಿತ್ತಲಲ್ಲಿ ಪಾತ್ರೆ ತಿಕ್ಕಲು ಚಂದಮ್ಮ. ಅವ್ವನಿಗೆ ಒಲೆ ಊದಿ ಊದಿ ಕೆಮ್ಮು ಹತ್ತಿತ್ತು, ನಾನೇ ನೀರು ಕಾಯಿಸುವ ಕಾಯಿಲ್ ತಂದಿದ್ದೆ, ಹಿತ್ತಾಳೆಯ ಹಂಡೆಯಲ್ಲಿ ಇಳಿಬಿಟ್ಟರೆ ಅರ್ಧ ತಾಸಿನಲ್ಲಿ ನೀರು ಹೊಗೆಯಾಡುತ್ತಿತ್ತು, ಓಣಿಯವರೆಲ್ಲ ಬಂದು ನೋಡಿ ಹೋದರು. ಬಟನ್ನು ಮಾತ್ರ ಬಚ್ಚಲ ಹೊರಗೆ, ಪಡಸಾಲೆಯ ಗೋಡೆಗೆ, ಅದರ ಮೇಲೊಂದು ಸಣ್ಣ ಕೆಂಪು ದೀಪ, ಕಾಯಿಲಿಗೆ ಕರೆಂಟು ಹೋದರೆ ಹತ್ತುತ್ತದೆ. ನಿಯಮ ಮಾಡಿದವನೂ ನಾನೇ, ಬಟನ್ ಬಂದ್ ಆಗದ ಹೊರತು ನೀರಿಗೆ ಕೈ ಹಾಕಬ್ಯಾಡ ಅವ್ವ, ಕರೆಂಟ್ ಇರಲಿ ಬಿಡಲಿ. ಆದರೆ ಅವ್ವ ಬಟನ್ ಮುಟ್ಟುವವಳಲ್ಲ. ಎಲ್ಲರ ಕೈ ಮುಟ್ಟಿದ ಕರಿ ಬಟನ್ನು ಅದು, ಅವಳು ಬಚ್ಚಲಿಗೆ ಹೋದವಳೇ ಮೊದಲು ಒಂದು ತಂಬಿಗೆ ತಣ್ಣೀರು ತಲೆಗೆ ಸುರಿದುಕೊಳ್ಳುವಳು, ಅಲ್ಲಿಂದ ಮಡಿ, ಆಮೇಲೆ ಹೊರಗಿನದು ಒಂದನ್ನೂ ಮುಟ್ಟುವ ಹಾಗಿಲ್ಲ, ಒಳಗಿನಿಂದ ಕೂಗುವಳು, ಬಂದ್ ಮಾಡು ಚಂದಮ್ಮ. ಚಂದಮ್ಮ ಪಾತ್ರೆ ಬಿಟ್ಟು ಎದ್ದು ಬಂದು, ಬೂದಿ ಮೆತ್ತಿದ ಕೈಯ ಬೆರಳ ಹಿಂಬದಿಯಿಂದ ಒತ್ತಿ, ಬಂದ್ ಮಾಡೀನ್ರಿ ಬಾಯಾರ ಎನ್ನುವಳು. ಬಚ್ಚಲೊಳಗೆ, ಅಡಿಗೆಮನೆಯೊಳಗೆ ಕಾಲಿಡಲು ಅವಳಿಗೆ ಅಪ್ಪಣೆ ಇರಲಿಲ್ಲ, ಗೋಡೆಯ ಬಟನ್ನಿಗೆ ಇತ್ತು, ಏಕೆಂದರೆ ಮಡಿಯಲ್ಲಿ ಅದನ್ನು ನಾವು ಮುಟ್ಟಬಾರದಾಗಿತ್ತು. ಆಗ ಇದರಲ್ಲಿ ನನಗೆ ಏನೂ ತಪ್ಪು ಕಾಣಲಿಲ್ಲ, ವಿಜ್ಞಾನದ ಮಾಸ್ತರನಿಗೆ.

ಆ ಮುಂಜಾನೆ ಹಂಡೆಯ ನೀರು ಕಾಯುವ ಹೊತ್ತಿಗೆ ಕರೆಂಟು ಹೋಗಿತ್ತು. ಅವ್ವ ಬಂದ್ ಮಾಡು ಎಂದಳು, ಚಂದಮ್ಮ ಬಂದ್ ಮಾಡೀನ್ರಿ ಬಾಯಾರ ಎಂದಳು, ನಾನು ಮುಂದಿನ ಕೋಣೆಯಲ್ಲಿ ದಾಡಿಯ ಸಾಬೂನು ಹುಡುಕುತ್ತಾ ಎರಡೂ ಮಾತು ಕೇಳಿದೆ, ಕೇಳಿಯೂ ಕೇಳದ ಹಾಗೆ, ದಿನಾ ಕೇಳುವ ಮಾತು. ಆಮೇಲೆ ಕನ್ನಡಿ ಹಿಡಿದು ಪಡಸಾಲೆಗೆ ಬಂದೆ. ಬಚ್ಚಲಲ್ಲಿ ಸದ್ದಿಲ್ಲ, ಅವ್ವ ಬಿಸಿನೀರು ಮುಟ್ಟುವ ಮೊದಲು ತಂಬಿಗೆ ಹಿಡಿದು ಬಾಯೊಳಗೇ ಸ್ತೋತ್ರ ಅನ್ನುವವಳು, ನನಗೆ ಗೊತ್ತಿತ್ತು, ಗೊತ್ತಿದ್ದೂ ಅಂದುಕೊಂಡೆ, ಸ್ನಾನ ಮುಗಿಸಿ ತುಳಸಿಪೂಜೆಗೆ ಹೋಗಿರಬೇಕು. ಚಂದಮ್ಮ ಕಲ್ಲಿನ ಹತ್ತಿರ, ನನಗೆ ಬೆನ್ನು ಮಾಡಿ ತಿಕ್ಕುತ್ತಿದ್ದಾಳೆ. ಬಟನ್ನು ಬಂದ್ ಇದೆ, ಅಂದು ಸಾಲಿಗೆ ತಪಾಸಣೆಯ ಸಾಹೇಬರು ಬರುವವರಿದ್ದರು, ನನಗೂ ಬಿಸಿನೀರು ಬೇಕು, ಕರೆಂಟು ಬಂದ ಕೂಡಲೇ ತಾನೇ ಕಾಯಲಿ — ಒತ್ತಿದೆ, ಚಾಲೂ. ದೀಪ ಹತ್ತಲಿಲ್ಲ, ಕರೆಂಟೇ ಇಲ್ಲವಲ್ಲ. ಅವ್ವಾ ಎಂದು ಒಂದು ಸಲ ಕರೆದಿದ್ದರೆ ಸಾಕಿತ್ತು. ಕರೆಯಲಿಲ್ಲ. ಕನ್ನಡಿಯನ್ನು ಮೊಳೆಗೆ ತೂಗು ಹಾಕಿ, ಮುಖಕ್ಕೆ ನೊರೆ ಹಚ್ಚಿ, ಬಲಗೆನ್ನೆ ಮುಗಿಸಿ, ಎಡಗೆನ್ನೆಗೆ ಬ್ಲೇಡು ಇಟ್ಟಿದ್ದೆ, ಕನ್ನಡಿಯೊಳಗೆ, ನನ್ನ ಕಿವಿಯ ಪಕ್ಕದಲ್ಲಿ, ಗೋಡೆಯ ಕೆಂಪು ದೀಪ ಹತ್ತಿತು. ಹತ್ತಿತು, ಆಮೇಲೆ ತಂಬಿಗೆ ಬಿದ್ದ ಸದ್ದು. ನಾನು ಅಲುಗಲಿಲ್ಲ, ಎಷ್ಟು ಹೊತ್ತು, ಒಂದು ಉಸಿರು, ಎರಡು, ಕನ್ನಡಿಯಲ್ಲಿ ಅರ್ಧ ನೊರೆಯ ಮುಖ ಮತ್ತು ಆ ಕೆಂಪು ಚುಕ್ಕೆ. ಓಡಿ ಬಂದವಳು ಚಂದಮ್ಮ. ಹಸಿ ಕೈಯಲ್ಲೇ ಬಟನ್ ಒತ್ತಿದಳು, ದೀಪ ಆರಿತು, ಒತ್ತಿದ ಕೈಯನ್ನು ಅಲ್ಲೇ ಇಟ್ಟುಕೊಂಡು ಚೀರಿದಳು, ಒಳಗೆ ಹೋಗುವ ಹಾಗಿಲ್ಲವಲ್ಲ, ಮಾಸ್ತರ್ರಿ, ಬಾಯಾರು ಬಿದ್ದಾರ್ರಿ, ನೀವು ಹೋಗ್ರಿ.

ಕೂಗಿಗೆ ಓಣಿ ಕೂಡಿತು, ಅವಳ ಕೈ ಇನ್ನೂ ಬಟನ್ನಿನ ಮೇಲಿತ್ತು, ಎಲ್ಲರೂ ನೋಡಿದರು, ಕೈ ತೆಗೆದಾಗ ಬೂದಿಯ ಗುರುತು ಉಳಿಯಿತು. ಪಕ್ಕದ ಮನೆಯ ವ್ಯಂಕಟೇಶ ಕಾಕಾ ಕೇಳಿದ, ಬಟನ್ ಯಾರು ಹಾಕಿದ್ರೋ ಜಯತೀರ್ಥ. ಅವ್ವನನ್ನು ನಾನು ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ, ಒದ್ದೆ ಸೀರೆ, ತಣ್ಣಗಿನ ಕಾಲು, ನನ್ನ ಎಡಗೆನ್ನೆಯ ನೊರೆ ಒಣಗಿ ಬಿಗಿಯುತ್ತಿತ್ತು, ಬಾಯಿ ತೆರೆದೆ, ನಾನು ಎನ್ನಬೇಕಾಗಿತ್ತು. ಬಟನ್ನಿನ ಕೆಲಸ ಚಂದಮ್ಮಂದು ಕಾಕಾ ಎಂದೆ. ಸುಳ್ಳೇನೂ ಹೇಳಲಿಲ್ಲ. ಬಟನ್ನಿನ ಕೆಲಸ ಚಂದಮ್ಮನದೇ. ಇಪ್ಪತ್ತು ವರ್ಷ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದ್ದೇನೆ, ಎಲ್ಲಿಯೂ ಸುಳ್ಳು ಸಿಗುವುದಿಲ್ಲ, ಅದಕ್ಕೇ ಅದರಷ್ಟು ದೊಡ್ಡ ಸುಳ್ಳು ನನ್ನ ಬಾಯಿಂದ ಮತ್ತೆ ಬಂದಿಲ್ಲ. ಯಾರೂ ಹೊಡೆಯಲಿಲ್ಲ, ಬಯ್ಯಲಿಲ್ಲ, ನಡಿ ಎಂದರು, ಅಷ್ಟೇ, ಅವಳು ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಹಿತ್ತಲ ಬಾಗಿಲಿನಿಂದ ಹೋದಳು. ಆಮೇಲೆ ಆಳಂದದ ಯಾವ ಮನೆಯೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ, ನರೋಣಾದಲ್ಲಿ ತನ್ನ ತಮ್ಮ ಭಗವಂತನ ಮನೆಯ ಪಕ್ಕ ಗುಡಿಸಲು ಹಾಕಿದಳಂತೆ, ತೊಗರಿ ಹೊಲದ ಕೂಲಿಗೆ ಹೋಗುತ್ತಾಳಂತೆ, ಅಂತೆ, ಅಂತೆ, ಹನ್ನೆರಡು ಮೈಲಿಯೂ ಇರಲಿಕ್ಕಿಲ್ಲ, ನಾನು ಒಂದು ದಿನ ಹೋಗಿ ನೋಡಲಿಲ್ಲ. ಪ್ರತಿ ವರ್ಷ ಹಲಗೆಯ ಮೇಲೆ ಸೆಲ್ಲು, ಬಲ್ಬು, ಬಟನ್ನು ಬರೆಯುತ್ತೇನೆ, ಬಟನ್ ಬಂದ್ ಇದ್ದರೆ ಕರೆಂಟಿನ ಹಾದಿ ತುಂಡಾಗಿರುತ್ತದೆ ಮಕ್ಕಳೇ, ಹಾದಿಯನ್ನು ಕೂಡಿಸುವುದು ಕೈ, ಬರೆದುಕೊಳ್ಳಿರಿ.

ಹೊರಗೆ ಮಾತು ನಿಂತಿಲ್ಲ. ಪ್ರಮಿಲಾ ಕೇಳುತ್ತಿದ್ದಾಳೆ, ಊರಾಗೆಲ್ಲ ಭಾಗ್ಯಜ್ಯೋತಿ ಕೊಟ್ಟಾಗ ನಿನಗ ಕೊಡಲಿಲ್ಲೇನು. ಕೊಡಾಕ ಬಂದಿದ್ರು ತಂಗಿ, ಪುಕ್ಕಟ ಒಂದ್ ಬಲ್ಬ್, ಕಂಬದಿಂದ ವೈರ್ ಎಳಕೊಂಡು ಬಾಗಿಲತನ ಬಂದಿದ್ರು, ನಾನೇ ಒಲ್ಲೆ ಅಂದೆ, ನನ್ನ ಕೈ ಸರಿ ಇಲ್ಲ, ಮನ್ಯಾಗ ಕೂಸದ ಅಂದೆ. ಓಣಿಗೆಲ್ಲ ಲೈಟ ಆತು, ನಮ್ಮ ಮನಿಗಿ ಎಣ್ಣಿ ಚಿಮಣಿ. ಹುಡುಗಿ ಚಿಮಣ್ಯಾಗೇ ಓದಿ ಹತ್ತನೇತ್ತ ಪರೀಕ್ಷಾ ಬರದ್ಳು, ಕಣ್ಣ ಉರಿತಾವ ಆಯಿ ಅಂತಿದ್ಳು, ನಾ ಕೇಳಲಿಲ್ಲ. ಆ ದಿನ ಬಟನ್ ಮದ್ಲೇ ಬಂದ್ ಇತ್ತೋ ಏನೋ ತಂಗಿ, ಬಾಯಾರು ಅಂದ್ರು ಅಂತ ನಾ ಮತ್ತ ಒತ್ತೀನಿ, ಅದು ಚಾಲೂ ಆಗ್ಯದ, ದೀಪ ಇಲ್ಲ ಅಂದ್ರ ನನಗ ಹ್ಯಾಂಗ ತಿಳೀಬೇಕು, ನಾ ಬಂದ್ ಮಾಡಿದ್ದೇ ನೆನಪದ ಖರೆ, ಮಾಸ್ತರ್ರು ಓದಿದವ್ರು, ಅವ್ರು ಅಂದ್ರು ಅಂದ ಮ್ಯಾಲ ನಂದೇ ನೆನಪು ತಪ್ಪಿರಬೇಕು.

ಸಾಕು. ನೆನಪು ತಪ್ಪಿಲ್ಲ ಚಂದಮ್ಮ. ನಿನ್ನ ನೆನಪನ್ನೂ ನಾನೇ ಕಸಿದುಕೊಂಡೆ, ಕೆಲಸ ಹೋಯಿತು, ಊರು ಹೋಯಿತು ಎಂದಷ್ಟೇ ಅಂದುಕೊಂಡಿದ್ದೆ, ನಿನ್ನ ಕೈಯನ್ನೇ ನಿನಗೆ ಹಗೆ ಮಾಡಿದ್ದೇನೆ. ಮಾಫ್ ಮಾಡೀನಿ, ಮಾಫ್ ಮಾಡೀನಿ, ನಾಲಿಗೆಯ ತುದಿಯಲ್ಲೇ ಇದೆ, ಅದೂ ಬಟನ್ನಿನ ಕೆಲಸದ ಮಾತಿನ ಹಾಗೆಯೇ ಸಲೀಸಾಗಿ ಬರುತ್ತದೆ, ಎದ್ದೆ, ಮೊಣಕಾಲು ನೋಯುತ್ತಿದೆ, ಹೊಸ್ತಿಲು, ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ, ಎಷ್ಟು ಸಣ್ಣಗಾಗಿದ್ದಾಳೆ, ತಲೆ ಪೂರಾ ಬೆಳ್ಳಗಾಗಿದೆ, ನನ್ನನ್ನು ಕಂಡು ಸೆರಗೆಳೆದುಕೊಂಡು ಎದ್ದು ಕಾಲಿಗೆ ಬಾಗಿದಳು, ನಾನು ಹಿಂದೆ ಸರಿದೆ, ನನ್ನ ಕಾಲು ಮುಟ್ಟಬಾರದು, ಇವಳು ಮುಟ್ಟಬಾರದು. ಒಂದ್ ಮಾತ ಅನ್ರಿ ಮಾಸ್ತರ್ರಿ. ಪ್ರಮಿಲಾ ನನ್ನ ಮುಖವನ್ನೇ ನೋಡುತ್ತಿದ್ದಾಳೆ, ಇನ್ನೊಂದು ಗಳಿಗೆಯ ಮೇಲೆ ಈ ನೋಟ ನನಗೆ ಸಿಗುವುದಿಲ್ಲ. ನೀ ಬಂದ್ ಮಾಡಿದ್ದಿ ಚಂದಮ್ಮ, ನಾ ಬಂದು ಮತ್ತ ಚಾಲೂ ಮಾಡಿದೆ, ಹಾಕಿದ ಕೈ ನಂದು.

ಅಪ್ಪಾ ಎಂದಳು ಮಗಳು. ಚಂದಮ್ಮ ಅಳಲಿಲ್ಲ, ಬಯ್ಯಲಿಲ್ಲ, ಬಯ್ದಿದ್ದರೆ ನಿಂತು ಕೇಳುತ್ತಿದ್ದೆ, ಸೆರಗಿನಿಂದ ಬಲಗೈ ಹೊರಗೆ ತೆಗೆದಳು, ತಿರುಗಿಸಿ ನೋಡಿಕೊಂಡಳು, ಅಂಗೈ, ಮುಂಗೈ, ಬೇರೆ ಯಾರದೋ ಕೈಯನ್ನು ನೋಡುವ ಹಾಗೆ, ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ ಅಂದಳು, ನನಗಲ್ಲ, ಕೈಗೇ ಅಂದ ಹಾಗೆ, ಹಂಗಾದ್ರ ನಾ ಮನಿಗಿ ಲೈಟ ತಗೋಬಹುದಿತ್ತಲ್ರಿ. ಇಪ್ಪತ್ತು ವರ್ಷದ ಕತ್ತಲು, ಹುಡುಗಿಯ ಉರಿವ ಕಣ್ಣು, ಬಾಗಿಲತನಕ ಬಂದು ತಿರುಗಿ ಹೋದ ವೈರು — ಒಳಗೆ ಫ್ಯಾನು ಕಿರ್ ಎಂದಿತು, ಕರೆಂಟು ಬಂತು, ಅವಳ ಕಣ್ಣು ನನ್ನ ಭುಜ ದಾಟಿ ಒಳಗೆ ಹೋಯಿತು, ಎಲ್ಲಿ ಹೋಯಿತೆಂದು ತಿರುಗಿ ನೋಡದೆಯೇ ಗೊತ್ತು, ಟಿವಿಯ ಗೋಡೆಯ ಬಟನ್ನು ಬಂದ್ ಮಾಡಿಲ್ಲ, ತಿರುಗಿ ನೋಡಿದೆ, ಮೂಲೆಯ ಮಬ್ಬಿನಲ್ಲಿ ಕೆಂಪು ಚುಕ್ಕೆ, ಹೋಗಿ ಆರಿಸಬೇಕು, ಹೋಗುತ್ತಿಲ್ಲ, ಕೆಂಪು ಚುಕ್ಕೆ, ಹತ್ತಿದೆ, ಕೆಂಪು ಚುಕ್ಕೆ.